ಯಕ್ಷಗಾನ ಆಟದ ಚಿತ್ರ ತೆಗೆಯಲು ಒಂದು ಲಕ್ಷ ಮೂವತ್ತು ಸಾವಿರದ ಫೋನ್ ಕೊಳ್ಳಬೇಕೆ?

ಪ್ರಶ್ನೆ: ಉಡುಪಿಯ ಶಿಕ್ಷಕ

ನಾನು ಉಡುಪಿಯಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದೇನೆ. ಕಳೆದ ಒಂಬತ್ತು ವರ್ಷಗಳಿಂದ ಪ್ರತಿ ತಿರುಗಾಟದಲ್ಲಿಯೂ, ಅಂದರೆ ಮೇಳಗಳು ಊರೂರು ಸುತ್ತಿ ಆಟವಾಡುವ ಪ್ರತಿ ಋತುವಿನಲ್ಲಿಯೂ, ಹತ್ತು ಹನ್ನೆರಡು ಯಕ್ಷಗಾನ ಬಯಲಾಟಗಳಿಗೆ ಹೋಗಿ, ಬಣ್ಣ ಹಚ್ಚಿಕೊಳ್ಳುವ ಜಾಗವಾದ ಚೌಕಿಯಲ್ಲಿ ವೇಷ ಕಟ್ಟುವುದರಿಂದ ಹಿಡಿದು, ಕಾಲಮಿತಿಯ ಆಟವಾದರೆ ನಡುರಾತ್ರಿಯವರೆಗೆ, ಇಡೀ ರಾತ್ರಿಯ ಆಟವಾದರೆ ಬೆಳಗಾಗುವವರೆಗೆ, ಸಾಧ್ಯವಾದಷ್ಟನ್ನು ಫೋನಿನಲ್ಲಿ ದಾಖಲಿಸಿಕೊಳ್ಳುತ್ತ ಬಂದಿದ್ದೇನೆ. ಇದರಿಂದ ನನಗೆ ಸಂಪಾದನೆಯೇನೂ ಇಲ್ಲ. ಹಿರಿಯ ಕಲಾವಿದರು ಕನ್ನಡಿಯ ಮುಂದೆ ಕುಳಿತು ಮುಖವರ್ಣಿಕೆ ಬರೆದುಕೊಳ್ಳುವ ಕ್ರಮವೂ ಕೇದಗೆ ಮುಂದಲೆ ಎಂಬ ಶಿರೋಭೂಷಣ ಕಟ್ಟುವ ಕೈಚಳಕವೂ ಅವರೊಂದಿಗೇ ಹೋಗಿಬಿಡಬಾರದು ಎಂಬ ಆಸೆ ಮಾತ್ರ ಇದೆ.

ಈಗಿರುವ ಫೋನನ್ನು 2021ರಲ್ಲಿ ಹದಿನೆಂಟು ಸಾವಿರಕ್ಕೆ ಕೊಂಡದ್ದು. ಸಂಜೆ ನಾಲ್ಕರೊಳಗೆ ಚಾರ್ಜ್ ಮುಗಿಯುತ್ತದೆ, ಭದ್ರತೆಯ ಅಪ್‌ಡೇಟ್ ಬರುವುದೂ ನಿಂತಿದೆ. ರಂಗಸ್ಥಳದ ಚಿತ್ರ ತೆಗೆದರೆ ವೇಷಧಾರಿಯ ಮುಖದ ಜಾಗದಲ್ಲಿ ಬಿಳಿಯ ಮುದ್ದೆಯೊಂದು ಕಾಣುತ್ತದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಅಲ್ಟ್ರಾ ಕೊಳ್ಳುವ ಯೋಚನೆಯಲ್ಲಿದ್ದೇನೆ. 2025ರ ಜನವರಿಯಲ್ಲಿ ಅದು ಬಿಡುಗಡೆಯಾದಾಗ ಆರಂಭಿಕ ಬೆಲೆ 1,29,999 ರೂಪಾಯಿ ಇತ್ತು. ಎರಡು ವರ್ಷ ಆರ್‌ಡಿ ಕಟ್ಟಿ ಕೂಡಿಸಿದ ಒಂದು ಲಕ್ಷ ನಲವತ್ತು ಸಾವಿರ ಕೈಯಲ್ಲಿದೆ. ಆದರೆ ಮನೆಯ ಮಾಡಿನ ಹಂಚನ್ನೂ ಪಕ್ಕಾಸನ್ನೂ ಮುಂದಿನ ಮಳೆಗಾಲಕ್ಕೆ ಮೊದಲು ಬದಲಾಯಿಸಲೇಬೇಕಾಗಿದೆ. ಫೋನಿಗೆ ಈ ಹಣ ಹೋದರೆ ಮಾಡಿಗೆ ಸಾಲ ಮಾಡಬೇಕಾಗುತ್ತದೆ, ಮಾಡಿಗೆ ಹೋದರೆ ಫೋನನ್ನು ಕಂತಿನಲ್ಲಿ ತೆಗೆದುಕೊಳ್ಳಬೇಕಾಗುತ್ತದೆ. ಇಷ್ಟು ಬೆಲೆಯ ಫೋನ್ ನನ್ನ ಕೆಲಸಕ್ಕೆ ನಿಜವಾಗಿಯೂ ಬೇಕೇ ಎಂಬುದನ್ನು ಬಳಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕದ್ರಿಯ ಛಾಯಾಗ್ರಾಹಕ

ನಿಮ್ಮ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡಿದರೆ ಉತ್ತರ ಸುಲಭವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಚೌಕಿಯ ಚಿತ್ರ ಒಂದು, ರಂಗಸ್ಥಳದ ಚಿತ್ರ ಇನ್ನೊಂದು.

ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರು ಹೆಚ್ಚು ಅಲುಗಾಡುವುದಿಲ್ಲ. ನೀವು ಎರಡು ಮೂರು ಅಡಿ ದೂರದಲ್ಲಿ ಕುಳಿತಿರುತ್ತೀರಿ, ಕನ್ನಡಿಯ ಬಳಿ ಒಂದು ದೀಪವಾದರೂ ಇರುತ್ತದೆ. ಇಂದಿನ ಫೋನುಗಳು ಮಂದ ಬೆಳಕಿನಲ್ಲಿ ಒಂದೇ ಚಿತ್ರ ತೆಗೆಯುವುದಿಲ್ಲ. ಒಂದರ ಹಿಂದೊಂದರಂತೆ ಹಲವು ಚಿತ್ರಗಳನ್ನು ತೆಗೆದು, ಅವುಗಳನ್ನು ಒಂದರ ಮೇಲೊಂದು ಹೊಂದಿಸಿ, ಕಾಳುಕಾಳಾದ ಕಲೆಗಳನ್ನು ಅಳಿಸುತ್ತವೆ. ಎದುರಿಗಿರುವವರು ಸ್ಥಿರವಾಗಿದ್ದರೆ ಈ ವಿಧಾನ ಬಹಳ ಚೆನ್ನಾಗಿ ಫಲಿಸುತ್ತದೆ. ಮೂವತ್ತೈದು ನಲವತ್ತು ಸಾವಿರದ ಒಳ್ಳೆಯ ಫೋನಿನ ಮುಖ್ಯ ಲೆನ್ಸಿನಲ್ಲಿಯೂ ಇದು ಅಷ್ಟೇ ಚೆನ್ನಾಗಿ ನಡೆಯುತ್ತದೆ. ಮುಖವರ್ಣಿಕೆಯ ದಾಖಲೆಯೇ ನಿಮ್ಮ ಮೊದಲ ಉದ್ದೇಶವಾಗಿದ್ದರೆ ಲಕ್ಷ ರೂಪಾಯಿ ಮೀರಿದ ಫೋನಿನ ಅಗತ್ಯ ನನಗೆ ಕಾಣುವುದಿಲ್ಲ.

ರಂಗಸ್ಥಳದ ಮಾತು ಬೇರೆ. ವೇಷಧಾರಿ ಗಿರಗಿರನೆ ತಿರುಗಿ ಹಾರುವ ಧಿಗಿಣ ಹೊಡೆಯುವಾಗ ಹಲವು ಚಿತ್ರಗಳನ್ನು ಹೊಂದಿಸುವ ಉಪಾಯ ಕೈಕೊಡುತ್ತದೆ, ಏಕೆಂದರೆ ಮೊದಲ ಚಿತ್ರದಲ್ಲಿದ್ದ ಕೈ ಎರಡನೆಯದರಲ್ಲಿ ಆ ಜಾಗದಲ್ಲಿ ಇರುವುದೇ ಇಲ್ಲ. ತಿರುಗುವ ದೇಹವನ್ನು ಹಿಡಿದು ನಿಲ್ಲಿಸಬೇಕಾದರೆ ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಕಿರಿದಾದ ಕ್ಷಣದಲ್ಲಿ ಚಿತ್ರ ಮುಗಿಯಬೇಕು, ಮತ್ತು ಆ ಕ್ಷಣದಲ್ಲಿ ಸಾಕಷ್ಟು ಬೆಳಕು ಒಳಗೆ ಬರಬೇಕು. ಇಲ್ಲಿ ಬೆಳಕನ್ನು ಹಿಡಿಯುವ ಸೆನ್ಸರಿನ ಅಳತೆಯೇ ಮುಖ್ಯವಾಗುತ್ತದೆ. ನೀವು ಹೇಳಿದ ಫೋನಿನ ಮುಖ್ಯ ಸೆನ್ಸರ್ ಫೋನುಗಳಲ್ಲಿ ದೊಡ್ಡದೆಂದೇ ಎಣಿಸಬಹುದಾದದ್ದು. ಆದರೂ ಎಪಿಎಸ್-ಸಿ ಎಂದು ಕರೆಯುವ ಸಾಧಾರಣ ಕ್ಯಾಮೆರಾದ ಸೆನ್ಸರಿನ ವಿಸ್ತೀರ್ಣ ಅದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ದುಬಾರಿ ಫೋನಿನ ದೊಡ್ಡ ಆಕರ್ಷಣೆಯಾದ ಐದು ಪಟ್ಟು ಹತ್ತಿರಕ್ಕೆ ತರುವ ಲೆನ್ಸಿನ ಹಿಂದಿರುವ ಸೆನ್ಸರ್ ಮುಖ್ಯ ಸೆನ್ಸರಿಗಿಂತಲೂ ಚಿಕ್ಕದು. ಬೆಳಕು ಸಾಲದೆ ಹೋದಾಗ ಹಲವು ಫೋನುಗಳು ಆ ಲೆನ್ಸನ್ನು ಬಿಟ್ಟು, ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತವೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ದೊಂದಿ ಹಿಡಿದು ಸಭೆಯ ನಡುವಿನಿಂದ ಬರುವಾಗ ರಾಳದ ಬೆಂಕಿ ಭುಗಿಲೇಳುತ್ತದಲ್ಲ, ಆ ಒಂದು ಗಳಿಗೆಯ ಬೆಳಕು ಕತ್ತಲುಗಳ ಅಂತರವನ್ನು ನಾನು ನೋಡಿದ ಯಾವ ಫೋನೂ ತೃಪ್ತಿಯಾಗುವಂತೆ ಹಿಡಿದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ದಿನಬಳಕೆಗೂ ಚೌಕಿಗೂ ನಲವತ್ತು ಸಾವಿರದೊಳಗಿನ ಫೋನೊಂದನ್ನು ತೆಗೆದುಕೊಳ್ಳಿ. ರಂಗಸ್ಥಳಕ್ಕೆ, ಒಮ್ಮೆ ಬಳಸಿದ ಎಪಿಎಸ್-ಸಿ ಕ್ಯಾಮೆರಾವನ್ನು ಹೆಚ್ಚು ಬೆಳಕನ್ನು ಒಳಗೆ ಬಿಡುವ ಎಫ್1.8ರ 50 ಮಿಲಿಮೀಟರ್ ಲೆನ್ಸಿನೊಂದಿಗೆ ಹುಡುಕಿ. ಎರಡೂ ಸೇರಿ ಒಂದು ಲಕ್ಷ ಮುಟ್ಟುವುದಿಲ್ಲ.

ಉತ್ತರ: ಮಲ್ಪೆಯವನು

ಮೇಲಿನವರ ಅನುಭವವನ್ನು ಗೌರವಿಸುತ್ತೇನೆ, ಆದರೆ ಒಂದು ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಕ್ಯಾಮೆರಾ ಕಪಾಟಿನಲ್ಲಿ ಉಳಿಯುತ್ತದೆ, ಫೋನ್ ಜೇಬಿನಲ್ಲಿರುತ್ತದೆ. ನಾನು ಮೂರು ವರ್ಷಗಳ ಹಿಂದೆ ಲಕ್ಷಕ್ಕೂ ಹೆಚ್ಚು ಕೊಟ್ಟು ಫೋನ್ ಕೊಂಡಾಗ ಮನೆಯಲ್ಲಿ ಎಲ್ಲರೂ ಬೇಸರಪಟ್ಟರು. ಅದರ ಮರುವರ್ಷವೇ ತಂದೆಯವರು ತೀರಿಕೊಂಡರು. ಅವರು ಬಂದರಿನಲ್ಲಿ ಬಲೆ ಹೆಣೆಯುತ್ತ ಕುಳಿತು ಹಳೆಯ ದೋಣಿಗಳ ಕಥೆ ಹೇಳುತ್ತಿದ್ದ ವಿಡಿಯೊಗಳು ನನ್ನ ಬಳಿ ಇವೆ. ಸಂಜೆಗತ್ತಲಿನಲ್ಲಿಯೂ ಅವರ ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಆ ಹೊತ್ತಿಗೆ ಕ್ಯಾಮೆರಾ ತರಲು ನಾನು ಒಳಗೆ ಹೋಗುತ್ತಿರಲಿಲ್ಲ. ಕೊಟ್ಟ ಹಣದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಆದರೆ ನೀವು ಕೊಳ್ಳುವುದಾದರೆ ನನ್ನ ತಪ್ಪನ್ನು ಮಾಡಬೇಡಿ. ಐಪಿ68 ಎಂದು ಬರೆದಿದೆ, ನೀರಿಗೆ ಹೆದರಬೇಕಾಗಿಲ್ಲ ಎಂದು ನಂಬಿ, ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವಾಗ ಅದನ್ನು ಅಂಗಿಯ ಜೇಬಿನಲ್ಲಿಟ್ಟಿದ್ದೆ. ದೋಣಿಯಿಂದ ಇಳಿಯುವಾಗ ನೀರಿಗೆ ಬಿತ್ತು, ಅರೆ ನಿಮಿಷದೊಳಗೆ ತೆಗೆದೆ. ಆ ದಿನ ಏನೂ ಆಗಲಿಲ್ಲ. ಎರಡು ವಾರದಲ್ಲಿ ಚಾರ್ಜ್ ಆಗುವುದು ನಿಂತಿತು. ದ್ರವದಿಂದಾದ ಹಾನಿಗೆ ವಾರಂಟಿ ಇಲ್ಲವೆಂದು ಸೇವಾ ಕೇಂದ್ರದವರು ಹಿಂದಿರುಗಿಸಿದರು. ರಿಪೇರಿಗೆ ಕೈಯಿಂದಲೇ ಕೊಡಬೇಕಾಯಿತು.

ಉತ್ತರ: ಹಂಪನಕಟ್ಟೆಯ ಮೊಬೈಲ್ ರಿಪೇರಿಯವನು

ಮಲ್ಪೆಯವರು ಹೇಳಿದ್ದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಐಪಿ68 ಎಂಬುದು ಪ್ರಯೋಗಶಾಲೆಯಲ್ಲಿ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ. ಗ್ಯಾಲಕ್ಸಿಗೆ ಒಂದೂವರೆ ಮೀಟರ್ ಆಳ, ಇತ್ತೀಚಿನ ಐಫೋನುಗಳಿಗೆ ಆರು ಮೀಟರ್, ಎರಡಕ್ಕೂ ಅರ್ಧ ಗಂಟೆ. ಸಮುದ್ರದ ನೀರಿಗೆ ಆ ಅಂಕಿ ಅನ್ವಯಿಸುವುದಿಲ್ಲ. ನೀರು ಒಳಗೆ ಹೋಗದಿದ್ದರೂ ಚಾರ್ಜಿಂಗ್ ಕಿಂಡಿಯಲ್ಲಿ ಉಪ್ಪು ಉಳಿಯುತ್ತದೆ, ಅದರ ಮೇಲೆ ವಿದ್ಯುತ್ತು ಹರಿದಾಗ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಬಿದ್ದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಕಿಂಡಿಯನ್ನು ಕೆಳಮುಖ ಮಾಡಿ ಗಾಳಿಗೆ ಇಟ್ಟು, ಪೂರ್ತಿ ಒಣಗುವವರೆಗೆ ಚಾರ್ಜರ್ ಹಾಕದೆ ಇರುವುದೇ ಸರಿಯಾದ ಕ್ರಮ. ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ತರುವವರು ಬಹಳ ಮಂದಿ ಇದ್ದಾರೆ. ಅಕ್ಕಿಯ ಧೂಳೂ ನುಚ್ಚೂ ಕಿಂಡಿಯೊಳಗೆ ಸೇರುವುದಲ್ಲದೆ ಅದರಿಂದ ಪ್ರಯೋಜನವಿಲ್ಲ. ನೀರು ತಡೆಯುವ ಅಂಟು ವರ್ಷ ಕಳೆದಂತೆ ಸಡಿಲವಾಗುತ್ತದೆ ಎಂಬುದೂ ನೆನಪಿರಲಿ. ನಾಲ್ಕನೆಯ ವರ್ಷದ ಫೋನನ್ನು ಹೊಸದರಂತೆ ಮಳೆಗೆ ಒಡ್ಡಬಾರದು.

ಶಿಕ್ಷಕರ ಪ್ರಶ್ನೆಗೆ ಬಂದರೆ, ದುಬಾರಿ ಫೋನಿನ ಬೆಲೆಯಲ್ಲಿ ಒಂದು ಭಾಗ ದೀರ್ಘಾಯುಷ್ಯಕ್ಕೆ ಕೊಡುವ ಹಣವಾಗಿತ್ತು. ಈಗ ಅದು ಅಷ್ಟಾಗಿ ನಿಜವಲ್ಲ. ಎಸ್24ರಿಂದ ಈಚಿನ ಗ್ಯಾಲಕ್ಸಿ ಎಸ್ ಫೋನುಗಳಿಗೆ ಏಳು ವರ್ಷಗಳ ಅಪ್‌ಡೇಟ್ ಭರವಸೆಯಿದೆ, ಸರಿ. ಆದರೆ ಅದೇ ಕಂಪನಿಯ, ಅದರ ಅರ್ಧಕ್ಕಿಂತ ಕಡಿಮೆ ಬೆಲೆಯ ಎ56ಕ್ಕೂ 2025ರಿಂದ ಆರು ವರ್ಷ ಕೊಡುತ್ತಿದ್ದಾರೆ. ಬ್ಯಾಟರಿಗೆ ಈ ಭೇದವಿಲ್ಲ, ಎಲ್ಲದರಲ್ಲಿಯೂ ಇಳಿಯುತ್ತದೆ. ಐಫೋನ್ 14ರವರೆಗಿನವುಗಳಿಗೆ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಶೇಕಡಾ 80ರಷ್ಟು ಶಕ್ತಿ ಉಳಿಯುವಂತೆ ವಿನ್ಯಾಸ ಮಾಡಿದ್ದಾರೆ, 15ರಿಂದ ಮುಂದಕ್ಕೆ ಆ ಸಂಖ್ಯೆ 1000. ಏಳು ವರ್ಷ ಬಳಸುವವರು ಒಮ್ಮೆಯಾದರೂ ಬ್ಯಾಟರಿ ಬದಲಾಯಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಪರದೆ ಒಡೆದರಂತೂ ಅದರ ಬದಲಾವಣೆಗೇ ಒಂದು ಸಾಧಾರಣ ಫೋನಿನ ಬೆಲೆಯಾಗುತ್ತದೆ. ಆಟದ ಗದ್ದೆಯಲ್ಲಿ ಕತ್ತಲಲ್ಲಿ ಓಡಾಡುವವರು ನೀವು.

ಉತ್ತರ: ಮಣಿಪಾಲದ ನಿವೃತ್ತ ಬ್ಯಾಂಕ್ ಉದ್ಯೋಗಿ

ಕಂತಿನ ವಿಷಯವನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಅಷ್ಟನ್ನೇ ಹೇಳುತ್ತೇನೆ. ಬಡ್ಡಿರಹಿತ ಕಂತು ಎಂದು ಹೇಳುವಲ್ಲಿ ಬ್ಯಾಂಕು ಬಡ್ಡಿಯನ್ನು ಬಿಡುವುದಿಲ್ಲ. ಬಡ್ಡಿಯಷ್ಟು ಮೊತ್ತವನ್ನು ಮಾರುವವರು ಬೆಲೆಯಲ್ಲಿ ಕಡಿಮೆ ಮಾಡಿ ಸರಿದೂಗಿಸುತ್ತಾರೆ. 1,29,999 ರೂಪಾಯಿಯನ್ನು ಹನ್ನೆರಡು ಕಂತುಗಳಲ್ಲಿ, ವರ್ಷಕ್ಕೆ ಶೇಕಡಾ 15ರ ಬಡ್ಡಿಯ ಕಾರ್ಡಿನ ಮೇಲೆ ತೆಗೆದುಕೊಂಡರೆ ಒಳಗೆ ಅಡಗಿರುವ ಬಡ್ಡಿ ಸುಮಾರು 9,970 ರೂಪಾಯಿ. ಆ ಬಡ್ಡಿಯ ಮೇಲಿನ ಶೇಕಡಾ 18ರ ಜಿಎಸ್‌ಟಿಯನ್ನು, ಅಂದರೆ ಸುಮಾರು 1,800 ರೂಪಾಯಿಯನ್ನು, ನೀವೇ ಕೊಡಬೇಕಾಗುತ್ತದೆ. ಸಂಸ್ಕರಣಾ ಶುಲ್ಕ ಬೇರೆ. ಒಟ್ಟು ಹಣ ಕೊಡುವವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಹಲವು ಸಲ ಸಿಗುವುದೂ ಇಲ್ಲ. ಮೊತ್ತ ದೊಡ್ಡದಲ್ಲ, ಆದರೆ ಒಂದು ಕಂತು ತಪ್ಪಿದರೆ ದಂಡವೂ ಬಡ್ಡಿಯೂ ಸೇರಿ ಲೆಕ್ಕವೇ ಬದಲಾಗುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರಗಳು ಬದಲಾದಾಗ ಫೋನಿನ ಬೆಲೆ ಇಳಿಯಬಹುದೆಂದು ಕಾದವರಿದ್ದರು. ಫೋನುಗಳ ತೆರಿಗೆ 2020ರ ಏಪ್ರಿಲ್‌ನಿಂದ ಇದ್ದ ಶೇಕಡಾ 18ರಲ್ಲಿಯೇ ಉಳಿಯಿತು. ನಿಮ್ಮ ಫೋನಿನ ಬೆಲೆಯಲ್ಲಿ ಸುಮಾರು 19,800 ರೂಪಾಯಿ ತೆರಿಗೆಯೇ ಆಗಿದೆ.

ಏಳು ವರ್ಷಕ್ಕೆ ಹಂಚಿದರೆ ಈ ಫೋನಿಗೆ ವರ್ಷಕ್ಕೆ ಹದಿನೆಂಟೂವರೆ ಸಾವಿರ ಬೀಳುತ್ತದೆ. ನಲವತ್ತು ಸಾವಿರದ ಫೋನನ್ನು ಐದು ವರ್ಷ ಬಳಸಿದರೆ ವರ್ಷಕ್ಕೆ ಎಂಟು ಸಾವಿರ. ಈ ಹತ್ತು ಸಾವಿರದ ಅಂತರಕ್ಕೆ ನಿಮ್ಮ ದಾಖಲೆಯಲ್ಲಿ ಏನು ಹೆಚ್ಚಾಗುತ್ತದೆ ಎಂಬುದನ್ನು ನೀವೇ ನೋಡಿ ನಿರ್ಧರಿಸಬೇಕು. ಮಾಡು ಸೋರುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ನಮ್ಮ ಮಳೆ ಕಾಯುವುದಿಲ್ಲ.

ಮರುಉತ್ತರ: ಉಡುಪಿಯ ಶಿಕ್ಷಕ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ನನ್ನ ನಮಸ್ಕಾರಗಳು. ಮಾತಿನಲ್ಲಿ ತೀರ್ಮಾನಿಸುವ ಬದಲು ಪರೀಕ್ಷಿಸಿಯೇ ನೋಡೋಣವೆಂದು, ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಬಳಿಯಿರುವ ಇದೇ ಎಸ್25 ಅಲ್ಟ್ರಾ ಫೋನನ್ನೂ, ತಮ್ಮನ ಮಗಳ ಎ56ನ್ನೂ ಎರವಲು ಪಡೆದು, ಬ್ರಹ್ಮಾವರದ ಸಮೀಪ ನಡೆದ ಹರಕೆಯ ಆಟಕ್ಕೆ ಹೋಗಿದ್ದೆ.

ಚೌಕಿಯಲ್ಲಿ ತೆಗೆದ ಚಿತ್ರಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದಾಗ, ಯಾವುದು ಯಾವ ಫೋನಿನದೆಂದು ನನ್ನ ಹೆಂಡತಿ ನಾಲ್ಕರಲ್ಲಿ ಎರಡು ಸಲ ತಪ್ಪು ಹೇಳಿದಳು. ರಂಗಸ್ಥಳದಲ್ಲಿ ಅಂತರ ಸ್ಪಷ್ಟವಾಗಿತ್ತು. ಭಾಗವತರ ಮುಖವನ್ನು ಸಭೆಯ ಹಿಂದಿನ ಸಾಲಿನಿಂದ ತೆಗೆದದ್ದು ಅಲ್ಟ್ರಾದಲ್ಲಿ ಸುಂದರವಾಗಿ ಬಂದಿದೆ, ಏಕೆಂದರೆ ಅವರು ಕುಳಿತಲ್ಲಿಯೇ ಇರುತ್ತಾರೆ. ಧಿಗಿಣದ ಚಿತ್ರಗಳು ಎರಡರಲ್ಲಿಯೂ ಕೆಟ್ಟಿವೆ; ಅಲ್ಟ್ರಾದಲ್ಲಿ ಸ್ವಲ್ಪ ಕಡಿಮೆ ಕೆಟ್ಟಿವೆ, ಅಷ್ಟೇ. ನಾನು ಆಸೆಪಟ್ಟದ್ದು ಆ ಧಿಗಿಣಕ್ಕಾಗಿ. ಅದು ಸಿಗುವುದಿಲ್ಲವೆಂದ ಮೇಲೆ ಅಷ್ಟು ಹಣ ಕೊಡಲು ಮನಸ್ಸು ಒಪ್ಪುತ್ತಿಲ್ಲ.

ಹೀಗಾಗಿ ಈಗ ಎ56ರ ಮಟ್ಟದ ಫೋನನ್ನು ಪೂರ್ತಿ ಹಣ ಕೊಟ್ಟು ಕೊಳ್ಳುತ್ತೇನೆ, ಉಳಿದದ್ದು ಮಾಡಿಗೆ. ಕ್ಯಾಮೆರಾ ಮುಂದಿನ ತಿರುಗಾಟದ ಹೊತ್ತಿಗೆ. ಮಲ್ಪೆಯವರ ಮಾತು ಮನಸ್ಸಿಗೆ ತಟ್ಟಿದೆ. ಕ್ಯಾಮೆರಾ ಬಂದ ಮೇಲೂ ಚೌಕಿಗೆ ಫೋನನ್ನೇ ಒಯ್ಯುತ್ತೇನೆ. ಒಂದು ಪ್ರಶ್ನೆ ಉಳಿದಿದೆ. ಮುಖವರ್ಣಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಸುಮಾರು ಎರಡು ಗಂಟೆ, ನಿಲ್ಲಿಸದೆ ವಿಡಿಯೊ ಮಾಡಬೇಕೆಂದಿದ್ದೇನೆ. ಸಂಗ್ರಹ ಎಷ್ಟಿರಬೇಕು?

ಉತ್ತರ: ಕದ್ರಿಯ ಛಾಯಾಗ್ರಾಹಕ

4ಕೆ ಗುಣಮಟ್ಟದಲ್ಲಿ, ಸೆಕೆಂಡಿಗೆ 30 ಚಿತ್ರಗಳಂತೆ ತೆಗೆದರೆ, ಐಫೋನಿನ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 170 ಎಂಬಿ ಬೇಕು. ಎರಡು ಗಂಟೆಗೆ ಇಪ್ಪತ್ತು ಜಿಬಿ ದಾಟುತ್ತದೆ. ಕೆಲವು ಫೋನುಗಳು ಇದಕ್ಕಿಂತ ಹೆಚ್ಚನ್ನೂ ತೆಗೆದುಕೊಳ್ಳುತ್ತವೆ. ನೀವು ನೋಡುತ್ತಿರುವ ಫೋನಿನಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗವಿಲ್ಲ, ಆದ್ದರಿಂದ 128 ಜಿಬಿಯದನ್ನು ಬಿಟ್ಟು 256 ಜಿಬಿಯದನ್ನೇ ತೆಗೆದುಕೊಳ್ಳಿ. ನಿಲ್ಲಿಸದೆ ತೆಗೆದರೆ ಫೋನ್ ಬಿಸಿಯಾಗಿ ತಾನಾಗಿ ನಿಂತುಬಿಡಬಹುದು, ನಮ್ಮ ಸೆಕೆಯಲ್ಲಿ ಆ ಸಂಭವ ಇನ್ನೂ ಹೆಚ್ಚು. ಇಪ್ಪತ್ತು ನಿಮಿಷಕ್ಕೊಮ್ಮೆ, ಕಲಾವಿದರು ಒಂದು ಬಣ್ಣ ಮುಗಿಸಿ ಇನ್ನೊಂದನ್ನು ಕಲಸಿಕೊಳ್ಳುವ ಹೊತ್ತಿನಲ್ಲಿ, ನಿಲ್ಲಿಸಿ ಮತ್ತೆ ಆರಂಭಿಸಿ. ಫೋನಿನ ಹಿಂಬದಿಯ ಕವಚವನ್ನು ಆಗ ತೆಗೆದಿಡಿ, ಚಿಕ್ಕದೊಂದು ಟ್ರೈಪಾಡನ್ನೂ ಪವರ್ ಬ್ಯಾಂಕನ್ನೂ ಜೊತೆಗೆ ಒಯ್ಯಿರಿ.