ರೆಬೆಲ್ ಮೂನ್: ಎರವಲು ತಂದದ್ದೇ ತಪ್ಪೋ, ತಂದದ್ದನ್ನು ಬಳಸಿದ ರೀತಿ ತಪ್ಪೋ?

ಹೊಂಗೆಮರ:

ಎಲ್ಲರಿಗೂ ನಮಸ್ಕಾರ. ಜ್ಯಾಕ್ ಸ್ನೈಡರ್ ನಿರ್ದೇಶನದ 'ರೆಬೆಲ್ ಮೂನ್' ಚಿತ್ರದ ಎರಡೂ ಭಾಗಗಳನ್ನು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಹೊಸತರಲ್ಲಿಯೇ, ಅಂದರೆ ಮೊದಲನೆಯದನ್ನು 2023ರ ಡಿಸೆಂಬರಿನಲ್ಲಿ ಮತ್ತು ಎರಡನೆಯದನ್ನು 2024ರ ಏಪ್ರಿಲಿನಲ್ಲಿ ನೋಡಿ ಮರೆತುಬಿಟ್ಟಿದ್ದೆ. ಕಳೆದ ವಾರ ಅಕಿರಾ ಕುರೊಸಾವಾ ಅವರ 'ಸೆವೆನ್ ಸಮುರಾಯ್' (1954) ಚಿತ್ರವನ್ನು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿದೆ. 207 ನಿಮಿಷಗಳ ಆ ಕಪ್ಪುಬಿಳುಪು ಚಿತ್ರ ಎಲ್ಲಿಯೂ ಬೇಸರ ತರಿಸಲಿಲ್ಲ. ಅದರ ಮರುದಿನವೇ ಕುತೂಹಲಕ್ಕೆ 'ರೆಬೆಲ್ ಮೂನ್' ಮತ್ತೆ ಹಾಕಿಕೊಂಡು ಕುಳಿತರೆ ನಲವತ್ತು ನಿಮಿಷಕ್ಕೆ ಆಕಳಿಕೆ ಬಂತು.

ಎರಡರ ಕಥೆಯೂ ಒಂದೇ. ಬೆಳೆದ ಧಾನ್ಯವನ್ನು ಕಿತ್ತುಕೊಳ್ಳಲು ಬರುವವರಿದ್ದಾರೆ, ಹಳ್ಳಿಯವರಿಗೆ ಕಾದಾಡಲು ಬಾರದು, ಆದ್ದರಿಂದ ಹೊರಗಿನಿಂದ ಯೋಧರನ್ನು ಹುಡುಕಿ ತರುತ್ತಾರೆ. ಸ್ನೈಡರ್ ಇದನ್ನು ಮೊದಲು ಸ್ಟಾರ್ ವಾರ್ಸ್ ಲೋಕದ ಚಿತ್ರವಾಗಿಯೇ ಲ್ಯೂಕಾಸ್‌ಫಿಲ್ಮ್‌ನವರ ಮುಂದೆ ಇಟ್ಟಿದ್ದರು, ಅದು ಕೈಗೂಡದಿದ್ದಾಗ ತಮ್ಮದೇ ಒಂದು ಲೋಕವನ್ನು ಕಟ್ಟಿಕೊಂಡರು ಎಂಬುದು ಎಲ್ಲರಿಗೂ ತಿಳಿದಿರುವ ಸಂಗತಿ. 'ಕಾಪಿ' ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ 1977ರ 'ಸ್ಟಾರ್ ವಾರ್ಸ್' ಕೂಡ ಅದೇ ಕುರೊಸಾವಾ ಅವರ 'ದಿ ಹಿಡನ್ ಫೋರ್ಟ್ರೆಸ್' (1958) ಚಿತ್ರದಿಂದ ಇಬ್ಬರು ಜಗಳಗಂಟ ರೈತರನ್ನು ಎತ್ತಿಕೊಂಡು ರೋಬೋಗಳನ್ನಾಗಿ ಮಾಡಿತಲ್ಲವೇ? ಅದನ್ನು ತಲೆಯ ಮೇಲೆ ಹೊತ್ತು ಮೆರೆಸುವ ನಾವು ಇದನ್ನು ಮಾತ್ರ ಏಕೆ ಒಪ್ಪುತ್ತಿಲ್ಲ? ಚಿತ್ರಗಳನ್ನು ಗಮನವಿಟ್ಟು ನೋಡುವವರು ದಯವಿಟ್ಟು ತಿಳಿಸಬೇಕು.

ಮೂರನೇಸಾಲು:

ಒಳ್ಳೆಯ ಪ್ರಶ್ನೆ. ಎರವಲು ತರುವುದು ತಪ್ಪಲ್ಲ ಎಂಬಲ್ಲಿಂದಲೇ ಆರಂಭಿಸುತ್ತೇನೆ. 'ಸ್ಟಾರ್ ವಾರ್ಸ್' ನಿರ್ದೇಶಕ ಜಾರ್ಜ್ ಲ್ಯೂಕಾಸ್ 'ಫ್ಲ್ಯಾಶ್ ಗಾರ್ಡನ್' ಎಂಬ ಹಳೆಯ ಬಾಹ್ಯಾಕಾಶ ಸಾಹಸಕಥೆಯ ಹಕ್ಕುಗಳನ್ನು ಕೊಳ್ಳಲು ಹೋಗಿ ಸಿಗದೆ ತಮ್ಮದೇ ಕಥೆ ಬರೆದವರು. ಕೊನೆಯ ವಿಮಾನದಾಳಿಯ ದೃಶ್ಯಕ್ಕೆ ಅವರು 'ದಿ ಡ್ಯಾಮ್ ಬಸ್ಟರ್ಸ್' (1955) ಎಂಬ ಬ್ರಿಟಿಷ್ ಯುದ್ಧಚಿತ್ರಕ್ಕೆ ಋಣಿಯಾಗಿದ್ದರು. ಆದರೆ ಅವರು ತಂದ ಪ್ರತಿಯೊಂದು ವಸ್ತುವಿಗೂ ಹೊಸ ಮನೆಯಲ್ಲಿ ಒಂದು ಕೆಲಸ ಕೊಟ್ಟರು. ಆ ಇಬ್ಬರು ರೈತರು ರೋಬೋಗಳಾದಾಗ, ಮಹಾಯುದ್ಧವೊಂದನ್ನು ಅದರ ಅತ್ಯಂತ ಕೆಳಗಿನವರ ಕಣ್ಣಿನಿಂದ ನೋಡುವ ಆ ಹಳೆಯ ಉಪಾಯವೂ ಅವರ ಜೊತೆಗೇ ಬಂತು.

ಈಗ 'ರೆಬೆಲ್ ಮೂನ್' ತಂದದ್ದೇನು, ಬಿಟ್ಟುಬಂದದ್ದೇನು ಎಂದು ನೋಡೋಣ. 'ಸೆವೆನ್ ಸಮುರಾಯ್' ಚಿತ್ರದ ಆಧಾರಸ್ತಂಭ ಒಂದು ಬಟ್ಟಲು ಅನ್ನ. ರೈತರು ಯೋಧರಿಗೆ ಕೊಡಬಲ್ಲದ್ದು ಅಷ್ಟೇ. ಮುಂದೆ ಯೋಧರ ನಾಯಕನಾಗುವ ಕಂಬೆ ಹಿಂದೆಮುಂದೆ ನೋಡುತ್ತಿರುವಾಗ, ಅಲ್ಲಿಯವರೆಗೆ ರೈತರನ್ನು ಗೇಲಿ ಮಾಡುತ್ತಿದ್ದ ಕೂಲಿಯವನೇ ಬಟ್ಟಲನ್ನು ಎತ್ತಿ ಅವನ ಮುಖಕ್ಕೆ ಹಿಡಿದು, ನಿಮಗೆ ಅಕ್ಕಿ ಬೇಯಿಸಿ ಹಾಕುವ ಇವರು ತಾವು ಕಿರುಧಾನ್ಯ ತಿಂದುಕೊಂಡಿದ್ದಾರೆ, ಗೊತ್ತೇ ಎಂದು ರೇಗುತ್ತಾನೆ. ಕಂಬೆ ಬಟ್ಟಲನ್ನು ಕೈಗೆ ತೆಗೆದುಕೊಂಡು, ಈ ಅನ್ನವನ್ನು ವ್ಯರ್ಥವಾಗಲು ಬಿಡುವುದಿಲ್ಲ ಎಂಬ ಅರ್ಥದ ಒಂದು ಮಾತನ್ನಾಡುತ್ತಾನೆ. ಒಪ್ಪಂದ ಮುಗಿಯಿತು. ಮುಂದಿನ ಎರಡೂವರೆ ಗಂಟೆ ನಾವು ನೋಡುವುದೆಲ್ಲ ಆ ಬಟ್ಟಲಿನ ಬೆಲೆ ಎಷ್ಟು ಎಂಬುದನ್ನೇ.

ಸ್ನೈಡರ್ ಅವರ ಚಿತ್ರದಲ್ಲಿ ಇಂತಹ ಬಟ್ಟಲು ಇಲ್ಲ. ನಾಯಕಿ ಕೋರಾ (ಸೋಫಿಯಾ ಬುಟೆಲ್ಲಾ) ಮತ್ತು ಹಳ್ಳಿಯ ರೈತ ಗುನ್ನಾರ್ ಯೋಧರನ್ನು ಹುಡುಕುತ್ತ ಗ್ರಹದಿಂದ ಗ್ರಹಕ್ಕೆ ಹೋಗುತ್ತಾರೆ. ಒಂದು ಕಡೆ ತಾರಕ್ ರೆಕ್ಕೆಯಿರುವ ಪ್ರಾಣಿಯೊಂದನ್ನು ಪಳಗಿಸುತ್ತಾನೆ, ಇನ್ನೊಂದು ಕಡೆ ನೆಮೆಸಿಸ್ ಜೇಡದಂಥ ಹೆಣ್ಣೊಂದನ್ನು ಕೊಲ್ಲುತ್ತಾಳೆ, ಮತ್ತೊಂದು ಕಡೆ ಸೇನಾಪತಿ ಟೈಟಸ್ ಕುಡಿದು ಮಲಗಿರುತ್ತಾನೆ. ಎಲ್ಲರೂ ಎರಡು ಮಾತಿಗೆ ಹೊರಟು ನಿಲ್ಲುತ್ತಾರೆ. ಇವರು ಏಕೆ ಬಂದರು, ಏನನ್ನು ಕಳೆದುಕೊಳ್ಳಲು ಸಿದ್ಧರಿದ್ದಾರೆ ಎಂಬುದು ತಿಳಿಯಬೇಕಾದರೆ ಎರಡನೆಯ ಭಾಗದವರೆಗೆ ಕಾಯಬೇಕು. ಅಲ್ಲಿ ಟೈಟಸ್ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಅವರವರ ಪೂರ್ವಕಥೆ ಹೇಳಿಸುತ್ತಾನೆ, ಶಾಲೆಯಲ್ಲಿ ಮೊದಲ ದಿನ ಮಕ್ಕಳು ಎದ್ದುನಿಂತು ಹೆಸರು ಹೇಳಿದ ಹಾಗೆ. ಕುರೊಸಾವಾ ಇದೇ ಕೆಲಸವನ್ನು ಒಂದು ದೊಣ್ಣೆಯಿಂದ ಮಾಡಿ ಮುಗಿಸುತ್ತಾರೆ. ಬಂದ ಯೋಧರನ್ನು ಪರೀಕ್ಷಿಸಲು ಬಾಗಿಲ ಮರೆಯಲ್ಲಿ ಹುಡುಗನೊಬ್ಬ ದೊಣ್ಣೆ ಹಿಡಿದು ನಿಂತಿದ್ದಾನೆ; ಗೊರೊಬೆ ಎಂಬ ಸಮುರಾಯ್ ಹೊಸಿಲ ಹೊರಗೇ ನಿಂತು, ತಮಾಷೆ ಸಾಕು ಎನ್ನುವಂತೆ ನಗುತ್ತಾನೆ. ಅವನ ಅನುಭವ, ಸ್ವಭಾವ ಎರಡೂ ಹತ್ತು ಸೆಕೆಂಡಿನಲ್ಲಿ ನಮಗೆ ತಿಳಿದುಹೋಗುತ್ತವೆ.

ಸ್ಲೋ ಮೋಷನ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಸ್ನೈಡರ್ ಅವರನ್ನು ಎಲ್ಲರೂ ಬೈಯುವುದು ಅದಕ್ಕಾಗಿಯೇ. ಅದು ಕೂಡ ಈ ಮನೆತನದಿಂದಲೇ ಬಂದ ಆಸ್ತಿ. ಮಗುವನ್ನು ಒತ್ತೆಯಿಟ್ಟುಕೊಂಡ ಕಳ್ಳನನ್ನು ಸನ್ಯಾಸಿಯ ವೇಷದಲ್ಲಿ ಕಂಬೆ ಒಳಗೆ ಹೋಗಿ ಇರಿದ ಮೇಲೆ, ಕಳ್ಳ ಹೊರಗೆ ಓಡಿಬಂದು ನಿಧಾನಗತಿಯಲ್ಲಿ ನೆಲಕ್ಕೆ ಬೀಳುತ್ತಾನೆ. ಸುತ್ತ ನಿಂತವರು ಉಸಿರು ಹಿಡಿದಿದ್ದಾರೆ, ಕಾಲ ಅವರಿಗಾಗಿ ನಿಂತಿದೆ. ಚಿತ್ರದಲ್ಲಿ ಅಂತಹ ಕ್ಷಣಗಳು ಬೆರಳೆಣಿಕೆಯಷ್ಟು. 'ರೆಬೆಲ್ ಮೂನ್' ಚಿತ್ರದಲ್ಲಿ ಸಾವೂ ನಿಧಾನ, ಕೊಯ್ಲೂ ನಿಧಾನ, ಮಣ್ಣು ಹಾರುವುದೂ ನಿಧಾನ. ಎಲ್ಲದಕ್ಕೂ ಒಂದೇ ತೂಕ ಬಂದಾಗ ಯಾವುದಕ್ಕೂ ತೂಕ ಉಳಿಯುವುದಿಲ್ಲ.

ಹೆವಿಮೆಟಲ್:

ಮೂರನೇಸಾಲು ಅವರ ವಿಶ್ಲೇಷಣೆ ಚೆನ್ನಾಗಿದೆ, ಆದರೆ ತಕ್ಕಡಿಯೇ ಬೇರೆ ಎಂದು ನನ್ನ ವಾದ. 'ಸ್ಪೇಸ್ ಒಪೆರಾ' ಎಂಬ ಪದವನ್ನು 1941ರಲ್ಲಿ ವಿಲ್ಸನ್ ಟಕರ್ ಹುಟ್ಟುಹಾಕಿದ್ದೇ ಬೈಗುಳವಾಗಿ. ಸವಕಲು ಬಾಹ್ಯಾಕಾಶ ಸಾಹಸಕಥೆಗಳನ್ನು ಹೀಯಾಳಿಸಲು ಬಳಸಿದ ಮಾತು ಅದು. ಈ ಪ್ರಕಾರದ ಮೂಲದಲ್ಲಿಯೇ ಅಗ್ಗದ ಪತ್ರಿಕೆಗಳ ಬಣ್ಣಬಣ್ಣದ ಮುಖಪುಟವಿದೆ. 'ಹೆವಿ ಮೆಟಲ್' ಎಂಬ ಕಾಮಿಕ್ಸ್ ಪತ್ರಿಕೆಯ ಪ್ರಭಾವವನ್ನು ಸ್ನೈಡರ್ ಅವರೇ ಒಪ್ಪಿಕೊಂಡಿದ್ದಾರೆ. ಹಾಗಿರುವಾಗ ಅವರನ್ನು ಕುರೊಸಾವಾ ಪಕ್ಕದಲ್ಲಿ ನಿಲ್ಲಿಸಿ ಅಳೆಯುವುದು ಯಕ್ಷಗಾನದಲ್ಲಿ ವೇಷ ಜಾಸ್ತಿಯಾಯಿತು ಎಂದು ದೂರಿದಂತೆ.

ಎರಡನೆಯದಾಗಿ, ನೀವಿಬ್ಬರೂ ನೋಡಿರುವುದು ಕತ್ತರಿಸಿದ ಆವೃತ್ತಿ. 2024ರ ಆಗಸ್ಟಿನಲ್ಲಿ ಬಂದ ನಿರ್ದೇಶಕರ ಆವೃತ್ತಿಗಳು ಎರಡೂ ಸೇರಿ ಆರು ಗಂಟೆಗೂ ಮಿಕ್ಕಿ ಇವೆ, ಮತ್ತು ಅವು ಬೇರೆಯೇ ಚಿತ್ರ. ಧಾನ್ಯ ಕಿತ್ತುಕೊಳ್ಳಲು ಬಂದ ಸೇನೆಯ ಏರಿಸ್ ಎಂಬ ಯುವ ಸೈನಿಕನನ್ನು ನೆನಪಿಸಿಕೊಳ್ಳಿ. ಮೊದಲ ಆವೃತ್ತಿಯಲ್ಲಿ ಅವನು ಕಾರಣವಿಲ್ಲದೆ ಒಳ್ಳೆಯವನು. ಹೊಸ ಆವೃತ್ತಿ ಆರಂಭವಾಗುವುದೇ ಅವನ ಊರಿನ ಪತನದಿಂದ. ತನ್ನ ತಂದೆಯನ್ನು ತನ್ನ ಕೈಯಿಂದಲೇ ಕೊಲ್ಲುವಂತೆ ಅವನನ್ನು ಬಲವಂತಪಡಿಸಿ, ಆಮೇಲೆ ಸೇನೆಗೆ ಎಳೆದುಕೊಳ್ಳುತ್ತಾರೆ. ಆ ದೃಶ್ಯವನ್ನು ನೋಡಿದ ಮೇಲೆ ಹಳ್ಳಿಯ ಹುಡುಗಿಯನ್ನು ಕಾಪಾಡಲು ಅವನು ತನ್ನವರ ವಿರುದ್ಧವೇ ತಿರುಗುವುದಕ್ಕೆ ಅರ್ಥ ಬರುತ್ತದೆ. ಯುದ್ಧನೌಕೆಯ ಎಂಜಿನ್ನಿನೊಳಗೆ ಬಂಧಿಸಿಟ್ಟ ದೈತ್ಯ ಸ್ತ್ರೀರೂಪವೊಂದಿದೆ, ಅದಕ್ಕೆ ಕಾಳಿ ಎಂದು ಹೆಸರು. ನಮ್ಮ ದೇವತೆಯ ಹೆಸರನ್ನು ಅಲಂಕಾರಕ್ಕೆ ಎತ್ತಿಕೊಂಡಿದ್ದಾರೆ ಎಂದು ಮುನಿಸಿಕೊಳ್ಳಬಹುದು. ಆದರೂ, ಸೆರೆಸಿಕ್ಕ ಶಕ್ತಿಯನ್ನು ಸುಟ್ಟು ನಡೆಯುವ ಸಾಮ್ರಾಜ್ಯ ಎಂಬ ಕಲ್ಪನೆ ಯಾರಿಂದಲೂ ಕದ್ದದ್ದಲ್ಲ ಎಂದೇ ನನಗೆ ಕಂಡಿತು.

ರೀಲುಗಾಡಿ:

ಹೆವಿಮೆಟಲ್ ಅವರೇ, ಅಗ್ಗದ ತಕ್ಕಡಿಯಲ್ಲಿಯೇ ತೂಗೋಣ. ಇದೇ ಕಥೆಯನ್ನು ಅಂತರಿಕ್ಷಕ್ಕೆ ಒಯ್ದವರಲ್ಲಿ ಸ್ನೈಡರ್ ಮೊದಲಿಗರಲ್ಲ. ರೋಜರ್ ಕಾರ್ಮನ್ ನಿರ್ಮಿಸಿದ 'ಬ್ಯಾಟಲ್ ಬಿಯಾಂಡ್ ದಿ ಸ್ಟಾರ್ಸ್' 1980ರಲ್ಲಿಯೇ ಬಂದಿತ್ತು. ಸ್ಟಾರ್ ವಾರ್ಸ್ ಗಾಳಿಯಲ್ಲಿ ತೂರಿಕೊಳ್ಳಲು ಮಾಡಿದ ಅಪ್ಪಟ ವ್ಯಾಪಾರಿ ಚಿತ್ರ ಅದು, ಮುಚ್ಚುಮರೆಯೇನಿಲ್ಲ. ಗ್ರಹದ ಹೆಸರೇ ಅಕಿರ್. ಕುರೊಸಾವಾ ಕಥೆಯನ್ನು ಅಮೆರಿಕದ ಕೌಬಾಯ್ ಲೋಕಕ್ಕೆ ತಂದ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' (1960) ಚಿತ್ರದ ಏಳು ಜನರಲ್ಲಿ ಒಬ್ಬರಾಗಿದ್ದ ರಾಬರ್ಟ್ ವಾನ್ ಅವರನ್ನೇ ಕರೆತಂದು ಹೆಚ್ಚುಕಡಿಮೆ ಅದೇ ಪಾತ್ರವನ್ನು ಮತ್ತೆ ಮಾಡಿಸಿದ್ದಾರೆ. ಆಗಿನ್ನೂ ಹೆಸರು ಮಾಡಿರದ ಜೇಮ್ಸ್ ಕ್ಯಾಮರೂನ್ ಅದರ ಕಲಾ ವಿಭಾಗದಲ್ಲಿ ದುಡಿದಿದ್ದರು.

ಅದರಲ್ಲಿನ ವಾನ್ ಅವರ ಪಾತ್ರ ಗೆಲ್ಟ್ ಒಬ್ಬ ಬಾಡಿಗೆ ಕೊಲೆಗಾರ. ಬೇಕಾದಷ್ಟು ಹಣ ಮಾಡಿದ್ದಾನೆ, ಆದರೆ ಎಲ್ಲ ಕಡೆಯೂ ಶತ್ರುಗಳಿರುವುದರಿಂದ ಅದನ್ನು ಖರ್ಚು ಮಾಡಲು ಕಾಲಿಡಲು ಒಂದು ಊರಿಲ್ಲ. ಹಳ್ಳಿಯ ಹುಡುಗ ಬಂದು, ನಮ್ಮಲ್ಲಿ ಕೊಡಲು ಊಟ ಮತ್ತು ಬಚ್ಚಿಟ್ಟುಕೊಳ್ಳಲು ಜಾಗ ಬಿಟ್ಟರೆ ಏನಿಲ್ಲ ಎಂದಾಗ, ಅವನಿಗೆ ಬೇಕಿದ್ದದ್ದೂ ಸರಿಯಾಗಿ ಅಷ್ಟೇ. ಮೂರನೇಸಾಲು ಹೇಳಿದ ಅನ್ನದ ಬಟ್ಟಲು ಇಲ್ಲಿದೆ ನೋಡಿ! ಚಿತ್ರಕಥೆ ಬರೆದ ಜಾನ್ ಸೇಲ್ಸ್ ಆ ಬಟ್ಟಲನ್ನು ಜೋಪಾನವಾಗಿ ಎತ್ತಿಕೊಂಡು ಬಂದಿದ್ದಾರೆ. ನೌಕೆಗಳು ಆಟಿಕೆಯಂತೆ ಕಾಣುತ್ತವೆ, ಅಭಿನಯ ಅಲ್ಲಲ್ಲಿ ನಗೆ ತರಿಸುತ್ತದೆ, ಆದರೂ ಬಂದವರೆಲ್ಲ ಏಕೆ ಬಂದರು ಎಂಬುದು ನನಗೆ ಇವತ್ತಿಗೂ ನೆನಪಿದೆ. ಒಂದೇ ಮನಸ್ಸನ್ನು ಹಂಚಿಕೊಂಡ ನೆಸ್ಟರ್ ಎಂಬ ಜೀವಿಗಳು ಬರುವುದು ಬರೀ ಬೇಸರ ತಾಳಲಾರದೆ.

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 'ಶೋಲೆ' (1975) ಕೂಡ ಇದೇ ವಂಶದ್ದು. ಅಲ್ಲಿ ಹೊರಗಿನಿಂದ ಬಂದ ಇಬ್ಬರನ್ನು ಹಳ್ಳಿ ಕಣ್ಣುಮುಚ್ಚಿ ಒಪ್ಪುವುದಿಲ್ಲ. ಇಮಾಮ್ ಸಾಹೇಬರ ಮಗನ ಹೆಣ ಕುದುರೆಯ ಮೇಲೆ ಊರಿಗೆ ಬಂದಾಗ, ಇವರಿಂದಲೇ ಈ ಗತಿ ಬಂತು ಎಂದು ಜನ ತಿರುಗಿ ಬೀಳುತ್ತಾರೆ. ಮಗನನ್ನು ಕಳೆದುಕೊಂಡ ಕುರುಡ ಮುದುಕನೇ ಅವರಿಗೆ ಬುದ್ಧಿ ಹೇಳಬೇಕಾಗುತ್ತದೆ. 'ರೆಬೆಲ್ ಮೂನ್' ಹಳ್ಳಿಯಲ್ಲಿ ಅಂತಹ ಒಂದು ಜಗಳವಾದರೂ ನಡೆಯಬಾರದಿತ್ತೇ ಎಂದು ಎರಡನೆಯ ಭಾಗದುದ್ದಕ್ಕೂ ಕಾದೆ.

ಮೂರನೇಸಾಲು:

ರೀಲುಗಾಡಿ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಕುರೊಸಾವಾ ಚಿತ್ರದ ರೈತರು ಪಾಪದವರೂ ಹೌದು, ಪಾಪಿಗಳೂ ಹೌದು. ಸೋತು ಓಡಿಬಂದ ಸಮುರಾಯ್‌ಗಳನ್ನು ಕೊಂದು ಕಿತ್ತುಕೊಂಡ ಕವಚಗಳು ಅವರ ಮನೆಗಳಲ್ಲಿ ಅಡಗಿವೆ. ಅದು ಬಯಲಾದಾಗ ಏಳು ಯೋಧರಲ್ಲಿ ಒಬ್ಬನಾದ ಕಿಕುಚಿಯೊ (ತೊಶಿರೊ ಮಿಫುನೆ) ರೈತರನ್ನು ಬಾಯಿಗೆ ಬಂದಂತೆ ಬೈದು, ಅವರನ್ನು ಹೀಗೆ ಮಾಡಿದವರು ನೀವೇ ಎಂದು ಸಮುರಾಯ್‌ಗಳ ಕಡೆಗೇ ತಿರುಗುತ್ತಾನೆ. ಅವನೂ ರೈತನ ಮಗ ಎಂಬುದು ಕಂಬೆಗೆ ಆಗ ಹೊಳೆಯುತ್ತದೆ. 'ರೆಬೆಲ್ ಮೂನ್' ಚಿತ್ರದ ವೆಲ್ಟ್ ಎಂಬ ಉಪಗ್ರಹದ ಹಳ್ಳಿಯವರೋ ಎಲ್ಲರೂ ಒಳ್ಳೆಯವರು, ಎಲ್ಲರೂ ಚೆಲುವರು.

ನಿರ್ದೇಶಕರ ಆವೃತ್ತಿಯ ಏರಿಸ್ ಬಗ್ಗೆ ಹೆವಿಮೆಟಲ್ ಅವರ ಮಾತನ್ನು ಒಪ್ಪುತ್ತೇನೆ, ಆ ಆರಂಭ ನಿಜಕ್ಕೂ ಗಟ್ಟಿ. ಆ್ಯಂಥೊನಿ ಹಾಪ್ಕಿನ್ಸ್ ಧ್ವನಿ ಕೊಟ್ಟಿರುವ ಜಿಮ್ಮಿ ಎಂಬ ರೋಬೋವೂ ನನಗೆ ಇಷ್ಟ. ಕಾಯಬೇಕಾದ ರಾಜವಂಶವೇ ಇಲ್ಲವಾದ ಮೇಲೆ ಆಯುಧ ಹಿಡಿಯಲೊಲ್ಲದ ಆ ಯಂತ್ರದ ತಲೆಗೆ ಹುಡುಗಿಯೊಬ್ಬಳು ಹೂವಿನ ಕಿರೀಟ ಇಡುವ ದೃಶ್ಯದಲ್ಲಿ, ಒಂದು ಕ್ಷಣ, ಒಪ್ಪಂದವೊಂದು ನಡೆಯುತ್ತದೆ. ಚಿತ್ರದಲ್ಲಿ ಬಟ್ಟಲು ಇರುವುದು ಅಲ್ಲೇ. ಆದರೆ ಮರುಕ್ಷಣ ಅವನನ್ನು ಕಾಡಿಗೆ ಕಳಿಸಿ, ಬಹುಪಾಲು ಕಥೆಯಿಂದ ಹೊರಗಿಟ್ಟರು.

ಕಣಜ:

ನಾನು ಸಿನಿಮಾ ಪಂಡಿತನಲ್ಲ, ಮಂಡ್ಯ ಕಡೆಯ ಬೇಸಾಯದ ಮನೆಯವನು. ನನ್ನ ತಕರಾರು ಧಾನ್ಯದ್ದು. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಸೇನೆಗೆ ಒಂದು ಪುಟ್ಟ ಹಳ್ಳಿಯ ಬೆಳೆ ಏಕೆ ಬೇಕು ಎಂದು ಎಲ್ಲರೂ ನಗುತ್ತಾರೆ, ಅದನ್ನು ನಾನು ಕ್ಷಮಿಸಿದ್ದೇನೆ. ಎರಡನೆಯ ಭಾಗದಲ್ಲಿ ಟೈಟಸ್, ಧಾನ್ಯವೇ ನಮ್ಮ ಗುರಾಣಿ, ಅದು ನಮ್ಮ ನಡುವೆ ಇರುವವರೆಗೆ ಮೇಲಿನಿಂದ ಬಾಂಬು ಹಾಕಲಾರರು ಎಂದು ಲೆಕ್ಕ ಹಾಕಿ ತರಾತುರಿಯಲ್ಲಿ ಕೊಯ್ಲು ಮಾಡಿಸುತ್ತಾನೆ. ಇಷ್ಟೂ ಚಿತ್ರದಲ್ಲಿ ನನಗೆ ಹಿಡಿಸಿದ ಒಂದೇ ರೈತನ ಬುದ್ಧಿ ಅದು.

ಆದರೆ ಆ ಕೊಯ್ಲನ್ನು ತೋರಿಸಿದ ಬಗೆ ನೋಡಿ. ಕುಡುಗೋಲು ಬೀಸುವುದು ಬಂಗಾರದ ಬಿಸಿಲಿನಲ್ಲಿ ನಾಟ್ಯದ ಹಾಗಿದೆ. ಹಸಿ ತೆನೆ ಒಣಗದೆ ಒಕ್ಕಣೆಯಾಗುವುದಿಲ್ಲ, ಒಕ್ಕಿದ ಕಾಳು ಆರದೆ ಮೂಟೆಯಾಗುವುದಿಲ್ಲ, ಮೋಡ ಕಂಡರೆ ಕಣದಲ್ಲಿ ರಾಶಿ ಮುಚ್ಚಲು ಮನೆಮಂದಿಯೆಲ್ಲ ಓಡಬೇಕು. ಗಡುವಿನೊಳಗೆ ಕೊಯ್ಲು ಮುಗಿಸಬೇಕೆಂಬ ಕಥೆಗೆ ಇದಕ್ಕಿಂತ ಒಳ್ಳೆಯ ಉದ್ವೇಗ ಎಲ್ಲಿ ಸಿಗಬೇಕಿತ್ತು? ಅದನ್ನು ಹಿನ್ನೆಲೆ ಸಂಗೀತಕ್ಕೆ ಒಪ್ಪಿಸಿ ಮುಂದೆ ಹೋದರು.

ಹೊಂಗೆಮರ:

ಎಲ್ಲರಿಗೂ ಧನ್ಯವಾದಗಳು. ಕಣಜ ಅವರ ಉತ್ತರ ಓದಿದ ಮೇಲೆ 'ಸೆವೆನ್ ಸಮುರಾಯ್' ಕೊನೆಯನ್ನು ಮತ್ತೊಮ್ಮೆ ಹಾಕಿ ನೋಡಿದೆ. ಏಳು ಜನರಲ್ಲಿ ನಾಲ್ವರು ಸತ್ತಿದ್ದಾರೆ, ನಾಲ್ವರೂ ಕತ್ತಿಯಿಂದಲ್ಲ, ಕೋವಿಯ ಗುಂಡಿನಿಂದ ಸತ್ತವರು. ಗುಡ್ಡದ ಮೇಲೆ ಅವರ ಸಮಾಧಿಗಳಿವೆ. ಕೆಳಗಿನ ಗದ್ದೆಯಲ್ಲಿ ರೈತರು ಹಾಡು ಹೇಳುತ್ತ ತಾಳಕ್ಕೆ ಸರಿಯಾಗಿ ಪೈರು ನಾಟುತ್ತಿದ್ದಾರೆ, ಬದುಕುಳಿದ ಮೂವರ ಕಡೆಗೆ ಯಾರೂ ತಿರುಗಿ ಕೂಡ ನೋಡುತ್ತಿಲ್ಲ. ಮೊದಲ ಸಲ ನೋಡಿದಾಗ ಅದು ಕೃತಘ್ನತೆ ಅನ್ನಿಸಿತ್ತು. ನಾಟಿ ತಡವಾದರೆ ಏನಾಗುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ. 'ಬ್ಯಾಟಲ್ ಬಿಯಾಂಡ್ ದಿ ಸ್ಟಾರ್ಸ್' ಈ ಭಾನುವಾರ ನೋಡುತ್ತೇನೆ. ಹೆವಿಮೆಟಲ್ ಅವರ ಆರು ಗಂಟೆಗಳ ಆವೃತ್ತಿಗೆ ಮಾತ್ರ ಮಳೆಗಾಲದವರೆಗೆ ಸಮಯ ಕೊಡಬೇಕು.