ಸಹಾಯ ಬೇಕು: ಕ್ಯಾರವಾನ್ ಫ್ರಿಜ್‌ಗೆ ಗಾಳಿಕಿಂಡಿ ಎಲ್ಲಿಡಬೇಕು?

ಎಲ್ಲರಿಗೂ ನಮಸ್ಕಾರ. ಚಿಂತಾಮಣಿಯಲ್ಲಿ ನಮ್ಮ ಹಳೇ ಟೆಂಪೋ ಟ್ರಾವೆಲರನ್ನ ಕ್ಯಾರವಾನ್ ಮಾಡಿಸ್ತಿದ್ದೀವಿ. ಏಪ್ರಿಲ್‌ನಲ್ಲಿ ಅಪ್ಪ-ಅಮ್ಮನ್ನ ಹಂಪಿ, ಬಾದಾಮಿ ಕಡೆ ಕರ್ಕೊಂಡು ಹೋಗೋ ಆಸೆ. ಆಗ ಅಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಇರುತ್ತೆ. ಅಪ್ಪ ಇನ್ಸುಲಿನ್ ತಗೋತಾರೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆಪ್ಪುಗಟ್ಟಲೂಬಾರದು. ಹಾಗಾಗಿ ಫ್ರಿಜ್ ವಿಷಯದಲ್ಲಿ ರಾಜಿ ಮಾಡ್ಕೊಳ್ಳೋ ಹಾಗಿಲ್ಲ.

ಗ್ಯಾಸ್‌ನಲ್ಲೂ ಓಡೋ ಅಬ್ಸಾರ್ಪ್ಷನ್ ಫ್ರಿಜ್ ಬೇಡ ಅಂದ್ಕೊಂಡಿದ್ದೀನಿ. ಅದಕ್ಕೆ ಗಾಡಿ ಸಮತಟ್ಟಾಗಿ ನಿಂತಿರಬೇಕು, ಸೆಕೆ ಏರಿದಷ್ಟೂ ಅದರ ತಂಪು ಕಮ್ಮಿಯಾಗುತ್ತೆ. 12 ವೋಲ್ಟ್ ಕಂಪ್ರೆಸರ್ ಫ್ರಿಜ್ಜೇ ಸರಿ, ಅದೂ 43 ಡಿಗ್ರಿವರೆಗೆ ತಡೆಯೋ ಟಿ ಕ್ಲಾಸ್‌ದು. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಸೋಲಾರ್ ಪ್ಯಾನೆಲ್ ಇವೆ.

ತಲೆನೋವೆಲ್ಲ ಗಾಳಿದೇ. ಬಡಗಿಯವರು ಪ್ಲೈವುಡ್ ಗೂಡನ್ನ ಅಳತೆಗೆ ಸರಿಯಾಗಿ, ಹಿಂದೆ ಒಂದು ಬೆರಳೂ ತೂರದ ಹಾಗೆ ಮಾಡಿಟ್ಟಿದ್ದಾರೆ. ನೋಡೋಕೆ ಬಲು ಚೆಂದ, ಆದ್ರೆ ಕಂಡೆನ್ಸರ್ (ಫ್ರಿಜ್ ಒಳಗಿನ ಶಾಖ ಹೊರಹಾಕೋ ಕೊಳವೆ ಸುರುಳಿ) ಬಿಸಿ ಹೋಗೋದೆಲ್ಲಿ? ಕೆಳಗಿಂದ ತಣ್ಣನೆ ಗಾಳಿ ಬಂದು, ಹಿಂಬದಿ ಏರಿ, ಮೇಲಿಂದ ಆಚೆ ಹೋಗ್ಬೇಕು. ಕೆಳಗಿನ ಕಿಂಡಿಯನ್ನ ನೆಲಕ್ಕೆ ಕೊರೆದ್ರೆ ರಸ್ತೆ ಧೂಳು, ಪಕ್ಕದ ಬಾಡಿಗೆ ಕೊರೆದ್ರೆ ಮಳೆನೀರು. ನೀವು ಎಲ್ಲಿ ಕೊರೆಸಿದ್ರಿ? ಹಿಂದೆ ಎಷ್ಟು ಇಂಚು ಬಿಟ್ರಿ? ಮೇಲ್ಗಡೆ ಕಂಪ್ಯೂಟರ್ ಫ್ಯಾನ್ ಇಟ್ಟು ಥರ್ಮೋಸ್ಟ್ಯಾಟ್ ಜೋಡಿಸಿದವರು ಯಾರಾದ್ರೂ ಇದ್ದೀರಾ?

ದಯವಿಟ್ಟು ಫೋಟೋ ಹಾಕಿ, ಬಡಗಿಯವರಿಗೆ ತೋರಿಸ್ತೀನಿ. ಈ ವಾರವೇ ಗೂಡು ಬಿಚ್ಚಬೇಕು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಈ ಕೆಲಸ ಬಲ್ಲ ಎಸಿ ಮೆಕ್ಯಾನಿಕ್ ಇದ್ರೂ ತಿಳಿಸಿ.