ಇಂಟರ್‌ಸೆಪ್ಷನ್ ಆದ್ಮೇಲೆ ಕೈಯೇ ಓಡಲ್ಲ, ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್‌ಗಳು ಹೆಂಗೆ ತಡ್ಕೋತಾರೆ?

ಹಿಂಜವಡಿ_ಹೈದ (ಪುಣೆ)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೈಬೇಡಿ. ನಾನು ದಾವಣಗೆರೆ ಕಡೆಯವ್ನು, ಆರು ವರ್ಷದಿಂದ ಪುಣೇಲಿದೀನಿ. ಆಫೀಸ್ ಗ್ಯಾಂಗ್ ಜೊತೆ ಭಾನುವಾರ ಬೆಳಿಗ್ಗೆ ಬಾಲೇವಾಡಿ ಹತ್ರ ಒಂದು ಟರ್ಫ್ ಬಾಡಿಗೆಗೆ ತಗೊಂಡು ಫ್ಲ್ಯಾಗ್ ಫುಟ್ಬಾಲ್ ಆಡ್ತೀವಿ. ಅಮೆರಿಕನ್ ಫುಟ್ಬಾಲೇ (ಅಲ್ಲಿ ಅದರ ದೊಡ್ಡ ಲೀಗೇ ಎನ್‌ಎಫ್‌ಎಲ್), ಆದ್ರೆ ಗುದ್ದಾಟ ಇಲ್ಲ, ಸೊಂಟದಲ್ಲಿ ನೇತಾಡೋ ಪಟ್ಟಿ ಕಿತ್ರೆ ಮುಗೀತು, ಟೀಮಿಗೆ ಐದೈದು ಜನ. ಬಾಲ್ ಎಸೆಯೋನೇ ಕ್ವಾರ್ಟರ್‌ಬ್ಯಾಕ್. ಆ ಪಾಪದ ಪ್ರಾಣಿ ನಾನು, ಯಾಕಂದ್ರೆ ಕಾಲೇಜಲ್ಲಿ ಬೌಂಡರಿಯಿಂದ ಥ್ರೋ ಚೆನ್ನಾಗಿ ಹೊಡೀತಿದ್ದೆ ಅಂತ ಒಂದಿನ ಬಾಯ್ತಪ್ಪಿ ಹೇಳ್ಬಿಟ್ಟಿದ್ದೆ.

ಹೋದ ವಾರ ಎರಡು ಇಂಟರ್‌ಸೆಪ್ಷನ್ ಆಯ್ತು, ಅಂದ್ರೆ ನಾನು ಎಸೆದ ಬಾಲು ಎದುರಾಳಿ ಕೈಗೆ. ಎರಡನೇದ್ರಲ್ಲಿ ಅವ್ನು ಹಿಡ್ಕೊಂಡು ಸೀದಾ ಓಡಿ ನಮ್ಮ ಕೊನೇ ಗೆರೆ ದಾಟಿ ಟಚ್‌ಡೌನೇ ಮಾಡ್ಬಿಟ್ಟ. ಅದಾದ್ಮೇಲೆ ನಂಗೇನಾಯ್ತೋ ಗೊತ್ತಿಲ್ಲ, ದೂರ ಯಾರಾದ್ರೂ ಒಬ್ನೇ ಕೈ ಎತ್ಕೊಂಡು ನಿಂತಿದ್ರೂ ಎಸೆಯೋಕೆ ಧೈರ್ಯ ಬರ್ಲಿಲ್ಲ, ಪಕ್ಕದಲ್ಲಿ ಮೂರು ಗಜ ದೂರ ಇರೋನಿಗೇ ಕೊಡ್ತಾ ಹೋದೆ. ಟೀಮಿನ ಮರಾಠಿ ಹುಡುಗ ‘ಅರೇ ಲಾಂಬ್ ಟಾಕ್ ನಾ’ (ದೂರ ಎಸಿಯೋ) ಅಂತ ಕಿರುಚ್ತಾನೇ ಇದ್ದ. ಸೋಮವಾರ ಭೂಮ್ಕರ್ ಚೌಕ್ ಟ್ರಾಫಿಕ್ಕಲ್ಲಿ ನಲ್ವತ್ತು ನಿಮಿಷ ಕೂತಿದ್ದಾಗ ತಲೇಲಿ ಅದೇ ಒಂದು ಬಾಲು ಮತ್ತೆ ಮತ್ತೆ ಹೋಗ್ತಿತ್ತು.

ನನ್ನ ಪ್ರಶ್ನೆ ಇಷ್ಟೇ. 70 ಸಾವಿರ ಜನ ಕೂಗ್ತಿರ್ತಾರೆ, ನೂರಿಪ್ಪತ್ತು ನೂರಮೂವತ್ತು ಕೆಜಿ ಆಳುಗಳು ಮೈಮೇಲೆ ಬರ್ತಿರ್ತಾರೆ, ಎರಡೂವರೆ ಸೆಕೆಂಡ್ ಆಸುಪಾಸಲ್ಲಿ ಬಾಲ್ ಬಿಡ್ಬೇಕು. ಆ ಪ್ರೊಫೆಷನಲ್ ಕ್ವಾರ್ಟರ್‌ಬ್ಯಾಕ್‌ಗಳು ತಪ್ಪಾದ ಮರುಕ್ಷಣ ಹೆಂಗೆ ಮತ್ತೆ ಅದೇ ಥ್ರೋ ಹಾಕ್ತಾರೆ? ಹುಟ್ಟಿನಿಂದ ಬರುತ್ತಾ, ಕಲೀಬಹುದಾ?

---

ಮಾಟುಂಗದ_ಮಾಣಿ (ಮುಂಬೈ)

ಮಾರಾಯಾ, ನಿನ್ನ ಕತೆ ಓದಿ ನಗೆ ಬಂತು, ಬೇಜಾರು ಮಾಡ್ಬೇಡ. ನಮ್ಮದು ಮಾಟುಂಗದಲ್ಲಿ ಹೋಟ್ಲು. ನಾಲ್ಕೂವರೆಗೆ ಏಳ್ಬೇಕು, ಹಾಗಾಗಿ ಅವರ ಭಾನುವಾರ ರಾತ್ರಿಯ ಮ್ಯಾಚ್ ನಮಗೆ ಸೋಮವಾರ ಬೆಳಿಗ್ಗೆ ಆರು ಗಂಟೆ ಸುಮಾರಿಗೆ ಸರೀ ಸಿಗ್ತದೆ, ಸಾಂಬಾರಿನ ಪಾತ್ರೆಯ ಪಕ್ಕ ಮೊಬೈಲ್ ಒರಗಿಸಿ ಇಟ್ಟು ನೋಡುವುದು. ಹೆಂಡತಿ ಹೇಳ್ತಾಳೆ ನಿಮಗೆ ಮರ್ಲು ಅಂತ.

2017ರ ಫೆಬ್ರವರಿಯ ಸೂಪರ್ ಬೌಲ್, ಅಂದ್ರೆ ಎನ್‌ಎಫ್‌ಎಲ್ ಫೈನಲ್, ನೋಡಿದ್ದೀಯಾ? ಪೇಟ್ರಿಯಾಟ್ಸ್ ಟೀಮಿನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯದ್ದು ನಿನ್ನ ಕತೆಯೇ. ಎರಡನೇ ಕ್ವಾರ್ಟರಿನಲ್ಲಿ ಅವ ಎಸೆದ ಬಾಲ್ ಅಟ್ಲಾಂಟಾದ ರಾಬರ್ಟ್ ಆಲ್ಫರ್ಡ್ ಹಿಡಿದು 82 ಗಜ ಓಡಿ ಟಚ್‌ಡೌನ್ ಮಾಡಿದ. ಬ್ರೇಡಿ ಅಡ್ಡ ಹಾಕ್ಲಿಕ್ಕೆ ಹೋಗಿ, ಕೈ ಚಾಚಿ, ಹುಲ್ಲಿನ ಮೇಲೆ ಬೋರಲು ಬಿದ್ದ, ಆಚೆಯವ ಓಡಿಯೇ ಹೋದ. 21-0 ಆಯ್ತು, ಮತ್ತೆ ಮೂರನೇ ಕ್ವಾರ್ಟರಿನಲ್ಲಿ 28-3. ನಾನು ಮೊಬೈಲ್ ಬಂದ್ ಮಾಡಿ ಚಟ್ನಿ ರುಬ್ಲಿಕ್ಕೆ ಹೋದವ, ಇವತ್ತಿಗೂ ಅದಕ್ಕೆ ನನ್ನನ್ನೇ ಬೈಕೊಳ್ತೇನೆ. ಅದೇ ಮನುಷ್ಯ ಆ ದಿನ 62 ಸಲ ಎಸೆದ, 466 ಗಜ ಮಾಡಿದ, ಓವರ್‌ಟೈಮಿನಲ್ಲಿ 34-28 ಗೆಲ್ಲಿಸಿದ. ಮೂರು ಗಜದ ಪಾಸ್ ಕೊಡ್ತಾ ಕೂತಿದ್ರೆ ಆಗ್ತಿತ್ತಾ? ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅಂತೂ ಮೊದಲ ವರ್ಷ, 1998ರಲ್ಲಿ, 28 ಇಂಟರ್‌ಸೆಪ್ಷನ್ ಎಸೆದವ. ಹೊಸ ಆಟಗಾರರಲ್ಲಿ ಇವತ್ತಿಗೂ ಅದೇ ರೆಕಾರ್ಡ್. ಟೀಮು 3 ಗೆದ್ದು 13 ಸೋತಿತು, ಮರುವರ್ಷ ಸರೀ ಉಲ್ಟಾ, 13 ಗೆಲುವು.

ನಮ್ಮಲ್ಲಿ ದೋಸೆ ಕಾವಲಿಗೆ ನಿಲ್ಲುವವ ಒಬ್ಬ ಇದ್ದಾನೆ, ಬೈಂದೂರು ಕಡೆಯವ, ಹದಿನೆಂಟು ವರ್ಷ ಆಯ್ತು. ಭಾನುವಾರ ಒಂಬತ್ತು ಗಂಟೆಗೆ ಹೊರಗೆ ಕ್ಯೂ, ಒಳಗೆ ಆರ್ಡರ್ ಮೇಲೆ ಆರ್ಡರ್, ಆಗ ಒಂದು ದೋಸೆ ಹಿಡಿದು ಹರಿದುಹೋಯ್ತು ಅಂದ್ರೆ ಅವ ಅದನ್ನು ನೋಡುವುದೇ ಇಲ್ಲ. ಸಟ್ಟುಗದಲ್ಲಿ ಕೆರೆದು ಬದಿಗೆ, ನೀರು ಚಿಮುಕಿಸಿ, ಹಿಡಿಸೂಡಿಯಲ್ಲಿ ಒಂದು ಗುಡಿಸು, ಚುಂಯ್ ಅಂತದೆ, ಮತ್ತೆ ಹಿಟ್ಟು. ಹೊಸ ಹುಡುಗರು ಎಂತ ಮಾಡ್ತಾರೆ, ಹರಿದದ್ದನ್ನೇ ಜೋಡಿಸ್ಲಿಕ್ಕೆ ಹೋಗ್ತಾರೆ, ಅಷ್ಟರಲ್ಲಿ ಪಕ್ಕದ ಮೂರು ಕರಟಿ ಹೋಗ್ತದೆ. ನೀನು ಆ ಹೊಸ ಹುಡುಗ. ಮರ್ತುಬಿಡು, ಅಷ್ಟೇ.

---

ವಾಸ್ಕೋ_ಧಾರವಾಡಕರ (ಗೋವಾ)

ಮೊದಲ ಒಂದ ಮಾತು, ಗೋವಾದಾಗ ಕುಂತು ಇದಕ್ಕ ಫುಟ್ಬಾಲ್ ಅಂದ್ರ ಬಾಜೂ ಮನಿಯವ್ರು ಹೊಡ್ಯಾಕ ಬರ್ತಾರ್ರಿ. ಇಲ್ಲಿ ಅದು ಕಾಲಿನ ಆಟ. ಇರ್ಲಿ.

ಶೆಟ್ರೇ (ಶೆಟ್ರೇ ಇರಬೇಕು ಅಂತ ಅನ್ಕೊಂಡೀನಿ), ನೀವು ಗೆದ್ದಾವ್ರ ಕಥಿ ಅಷ್ಟ ಹೇಳ್ತೀರಿ. ಸ್ಯಾಮ್ ಡಾರ್ನಲ್ಡ್ ಕಥಿ ಕೇಳ್ರಿ. ಇಂವನೂ ಕ್ವಾರ್ಟರ್‌ಬ್ಯಾಕ್. 2018ರಾಗ ಡ್ರಾಫ್ಟ್‌ನ್ಯಾಗ, ಅಂದ್ರ ಟೀಮ್‌ಗೋಳು ಹೊಸ ಹುಡುಗರ್ನ ಆರಿಸೂದ್ರಾಗ, ಮೂರನೇ ನಂಬರ್, ತಗೊಂಡಾವ್ರು ನ್ಯೂಯಾರ್ಕ್ ಜೆಟ್ಸ್. 2019ರ ಅಕ್ಟೋಬರ್‌ದಾಗ ಪೇಟ್ರಿಯಾಟ್ಸ್ ಎದುರು 33-0 ಸೋತ್ರು, ಇಂವಂದು ನಾಕು ಇಂಟರ್‌ಸೆಪ್ಷನ್. ಅವತ್ತ ಮೈಗೆ ಮೈಕ್ ಹಚ್ಚಿದ್ರು, ಬೆಂಚಿನ ಮ್ಯಾಲ ಕುಂತು ‘ನನಗ ದೆವ್ವ ಕಾಣಾಕತ್ತಾವು’ ಅಂದದ್ದು ಇಡೀ ದೇಶಕ್ಕ ಟೀವಿದಾಗ ಕೇಳಿಸ್ತು. ಅಂದ್ರ ಖರೇ ದೆವ್ವ ಅಲ್ರಿ, ಯಾರೂ ಬರದ ಕಡೆಯಿಂದ್ಲೂ ಹೊಡ್ಯಾಕ ಬಂದ್ರು ಅಂತ ಅನ್ನಿಸೂದು, ಅದಕ್ಕ ಅವರಾಗ ಹಂಗ ಅಂತಾರ. ಮಂದಿ ಎಷ್ಟ ನಕ್ಕ್ರು ಅಂತೀರಿ, ಇಂವಗ ಗುಂಡಗಿನ ಇಲ್ಲ ಅಂದ್ರು. ಆಮ್ಯಾಲ ಆ ಟೀಮು ಈ ಟೀಮು ತಿರುಗಿ, 2024ರಾಗ ಮಿನೆಸೋಟಾ ವೈಕಿಂಗ್ಸ್‌ಗೆ ಬಂದ, ಅದs ಡಾರ್ನಲ್ಡ್, 14 ಮ್ಯಾಚ್ ಗೆದ್ದ್ರು. ಗುಂಡಗಿ ಎಲ್ಲಿಂದ ಬಂತ್ರಿ? ಪ್ಯಾಟ್ಯಾಗ ತಂದಾನೇನು? ಒಳ್ಳೆ ಕೋಚ್, ಹಿಡಿಯೂ ಕೈ, ಮುಂದ ತಡಿಯೂ ಮಂದಿ ಸಿಕ್ಕ್ರು. ಮತ್ತ ಅದೇ ವರ್ಷ ಪ್ಲೇಆಫ್‌ನ್ಯಾಗ ರಾಮ್ಸ್ ಎದುರು ಇಂವನ್ನ ಒಂಬತ್ತ ಸಲ ಕೆಡವಿದ್ರು ನೋಡ್ರಿ, ಮತ್ತ ಹಳೇ ಡಾರ್ನಲ್ಡ್ ಕಂಡ.

ಮ್ಯಾನಿಂಗ್‌ದೂ ಅಷ್ಟ. 28 ಇಂಟರ್‌ಸೆಪ್ಷನ್ ಎಸ್ಯಾಕ ಬಿಟ್ಟಾರಲ್ಲಾ, 16ಕ್ಕ 16 ಮ್ಯಾಚ್ ಆಡ್ಸ್ಯಾರಲ್ಲಾ, ಅದು ದೊಡ್ಡದು. ಬ್ಯಾರೆ ಟೀಮ್ ಇದ್ರ ಆರನೇ ಮ್ಯಾಚಿಗೆ ಕುಂದ್ರಸ್ತಿದ್ರು, ಆಗ ಅವನ ಧೈರ್ಯದ ಬಗ್ಗೆ ಯಾರೂ ಮಾತಾಡ್ತಿರ್ಲಿಲ್ಲ. ನನಗೂ ಅನುಭವ ಐತಿ. ಮೊದಲ ಒಂದ ಕಡೆ ಸೇಲ್ಸ್‌ದಾಗ ಇದ್ದೆ, ಒಂದ ಆರ್ಡರ್ ತಪ್ಪಿದ್ರ ಸಾಹೇಬ್ರು ಎಲ್ಲಾರ ಮುಂದ ನಿಲ್ಲಿಸಿ ಮರ್ಯಾದಿ ತಗೀತಿದ್ರು, ಮುಂದ ಗಿರಾಕಿ ಹತ್ರ ಬಾಯಿನ ಬಿಡ್ತಿರ್ಲಿಲ್ಲ. ಈಗ ಅದs ಕೆಲಸ, ಬ್ಯಾರೆ ಜಾಗ, ನನ್ನ ಬಾಯಿ ಮುಚ್ಚಸೂದ ಕಷ್ಟ.

ಅದಕ್ಕ ಪುಣೆ ತಮ್ಮಾ, ನಿನ್ನ ತಲಿ ಚೆಕ್ ಮಾಡೂದಕ್ಕಿಂತ ಮೊದಲ ಒಂದ ಹೇಳು, ಮೊದಲನೇ ಇಂಟರ್‌ಸೆಪ್ಷನ್ ಆದಾಗ ನಿನ್ನ ಟೀಮ್‌ನವ್ರು ಏನಂದ್ರು?

---

ಕಾಂದಿವಲಿ_ಕ್ರಿಕೆಟ್ (ಮುಂಬೈ)

ತಲೆಗೆ ಹೆಲ್ಮೆಟ್ಟು ಭುಜಕ್ಕೆ ದಿಂಬು ಕಟ್ಕೊಂಡು ಆಡೋರಿಗೆ ಟಫ್‌ನೆಸ್ಸಾ 😂 ನಮ್ಮ ಕುಂಬ್ಳೆ 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದು ಮುಖಕ್ಕೆ ಬ್ಯಾಂಡೇಜ್ ಸುತ್ಕೊಂಡು ಬಂದು 14 ಓವರ್ ಹಾಕಿ ಲಾರಾನ ಔಟ್ ಮಾಡಿದ್ರು, ಮುಗೀತು ಚರ್ಚೆ. ಮತ್ತೆ ಈ ಆಟ ಇಂಡಿಯಾದಲ್ಲಿ ಯಾರಿಗ್ ಬೇಕು ಸ್ವಾಮಿ

---

ಥ್ರೋಬಾಲ್_ಟೀಚರ್ (ಠಾಣೆ)

ಕಾಂದಿವಲಿಯವ್ರೇ, ಫ್ಲ್ಯಾಗ್ ಫುಟ್ಬಾಲನ್ನ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಸೇರ್ಸಿದ್ದು ಎಲ್ಲಿ ಗೊತ್ತಾ? ನಿಮ್ಮ ಮುಂಬೈಯಲ್ಲೇ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಲ್ಲಿ, ಒಲಿಂಪಿಕ್ ಸಮಿತಿಯ 2023ರ ಅಕ್ಟೋಬರ್ ಸಭೇಲಿ. ನಿಮ್ಮ ಕ್ರಿಕೆಟ್ಟೂ ಅದೇ ದಿನ ಅದೇ ಪಟ್ಟೀಲಿ ಒಳಗೆ ಬಂತು. ಕುಂಬ್ಳೆ ವಿಷ್ಯಕ್ಕೆ ನನ್ನದೂ ಕೈಮುಗಿತ, ಆದ್ರೆ ಅದು ನೋವು ತಡ್ಕೊಳ್ಳೋದು. ಈ ಹುಡುಗ ಕೇಳ್ತಿರೋದು ನಾಚಿಕೆ ತಡ್ಕೊಳ್ಳೋದ್ರ ಬಗ್ಗೆ, ಅದು ಬೇರೆ ಜಾತಿ ನೋವು. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ 2020ರಲ್ಲಿ ತನಗೆ ಡಿಪ್ರೆಶನ್ ಆಗಿತ್ತು ಅಂತ ಬಾಯ್ಬಿಟ್ಟು ಹೇಳ್ದಾಗ, ಟೀಮಿನ ನಾಯಕ ಇದನ್ನೆಲ್ಲ ಹೊರಗೆ ಹೇಳ್ಬಾರ್ದು ಅಂತ ಟೀವೀಲಿ ಕೂತು ಉಪದೇಶ ಮಾಡ್ದೋರೂ ಇದ್ರು. ನನ್ನ ಪ್ರಕಾರ ಅವ್ನು ಹೇಳಿದ್ದಕ್ಕೇ ಜಾಸ್ತಿ ಗುಂಡಿಗೆ ಬೇಕು.

ನಾನು ಮೈಸೂರಿನವ್ಳು, ಇಲ್ಲಿ ಶಾಲೇಲಿ ಪಿಟಿ ಟೀಚರ್. ಥ್ರೋಬಾಲ್ ಆಡ್ತಿದ್ದೆ. ಸೀಟಿ ಊದಿದ ಐದು ಸೆಕೆಂಡಲ್ಲಿ ಸರ್ವ್ ಮಾಡ್ಬೇಕು, ಹಿಡಿದ ಬಾಲನ್ನ ಮೂರು ಸೆಕೆಂಡಲ್ಲಿ ಬಿಡ್ಬೇಕು. ಒಂದು ಸರ್ವ್ ನೆಟ್ಟಿಗೆ ಹೋದ್ರೆ ಮುಂದಿನ ಸಲ ಕೈ ತಾನಾಗೇ ಮೆತ್ತಗಾಗುತ್ತೆ, ಬಾಲು ಗುಬ್ಬಚ್ಚಿ ಹಾರಿದಂಗೆ ಹೋಗುತ್ತೆ, ಆಚೆಯವ್ರು ನಗ್ತಾ ಹಿಡೀತಾರೆ. ಹಂಗಾಗಿ ತಮ್ಮ, ನಿನ್ನ ಮೂರು ಗಜದ ಪಾಸು ನಂಗೆ ಚೆನ್ನಾಗಿ ಗೊತ್ತು.

‘ಮರ್ತುಬಿಡು’ ಅನ್ನೋದು ಮಾತ್ರ ನಂಗೆ ಒಪ್ಪಿಗೆ ಇಲ್ಲ. ಮರೀಬೇಕು ಅಂದಷ್ಟೂ ನೆನಪಾಗುತ್ತೆ. ಅವರ ಆಟದ ಗಡಿಯಾರ ನೋಡಿ: ಒಂದು ಪ್ಲೇ, ಅಂದ್ರೆ ಒಂದು ಸಲದ ಆಟ, ಮುಗಿದ್ರೆ ಮುಂದಿನದಕ್ಕೆ 40 ಸೆಕೆಂಡ್. ಕೋಚ್ ಹೆಲ್ಮೆಟ್ಟಿನ ಸ್ಪೀಕರಲ್ಲಿ ಪ್ಲೇ ಹೇಳ್ತಾನೆ, 15 ಸೆಕೆಂಡ್ ಉಳಿದಾಗ ಆ ರೇಡಿಯೋ ಕಟ್. ಆಮೇಲೆ ಇವ್ನೊಬ್ನೇ. ಅಷ್ಟರಲ್ಲಿ ಹತ್ತು ಜನಕ್ಕೆ ಉದ್ದುದ್ದ ಪ್ಲೇ ಹೆಸ್ರು ತಪ್ಪಿಲ್ದೆ ಹೇಳ್ಬೇಕು, ಎದುರಿನ ಡಿಫೆನ್ಸ್ ಹೆಂಗೆ ನಿಂತಿದೆ ಓದ್ಬೇಕು, ಬೇಕಾದ್ರೆ ಬದಲಾಯಿಸ್ಬೇಕು. ಅಳೋಕೆ ಟೈಮೆಲ್ಲಿದೆ? ಕೆಲಸವೇ ತಲೇನ ತುಂಬ್ಸಿಬಿಡುತ್ತೆ. ನಿಂಗೆ ಆ ತುಂಬ್ಸೋ ಕೆಲಸ ಇರ್ಲಿಲ್ಲ, ಅದಕ್ಕೇ ಆ ಬಾಲು ಬಂದು ಕೂತ್ಕೊಳ್ತು.

ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ಗೆ ಟ್ರೆವರ್ ಮೊವಾದ್ ಅಂತ ಮೆಂಟಲ್ ಕೋಚ್ ಇದ್ರು, 2021ರಲ್ಲಿ ತೀರ್ಕೊಂಡ್ರು. ಅವರು ಕಲಿಸ್ತಿದ್ದಿದ್ದು ಪಾಸಿಟಿವ್ ಆಗಿರು ಅಂತ ಅಲ್ಲ, ನ್ಯೂಟ್ರಲ್ ಆಗಿರು ಅಂತ. ‘ನಾನು ಗ್ರೇಟ್’ ಅಂತಾನೂ ಬೇಡ, ‘ನಾನು ದಂಡ’ ಅಂತಾನೂ ಬೇಡ, ಈಗ ಎಷ್ಟು ಗಜ ಬೇಕು, ಎಷ್ಟು ಟೈಮಿದೆ, ಮುಂದಿನ ಹೆಜ್ಜೆ ಏನು. 2015ರ ಜನವರೀಲಿ ಗ್ರೀನ್ ಬೇ ಎದುರು ವಿಲ್ಸನ್ ನಾಲ್ಕು ಇಂಟರ್‌ಸೆಪ್ಷನ್ ಎಸೆದು, ಕೊನೇ ಐದು ನಿಮಿಷಕ್ಕೆ 19-7 ಹಿಂದಿದ್ದು, ಓವರ್‌ಟೈಮಲ್ಲಿ 28-22 ಗೆದ್ರು. ಎರಡೇ ವಾರಕ್ಕೆ ಸೂಪರ್ ಬೌಲ್‌ನಲ್ಲಿ ಒಂದು ಗಜ ದೂರದಿಂದ ಎಸೆದ ಬಾಲು ಎದುರಾಳಿ ಕೈಗೆ ಹೋಗಿ ಸೋತ್ರು, ಅದೂ ಇದೆ. ಮೆಂಟಲ್ ಕೋಚ್ ಇದ್ದ ಮಾತ್ರಕ್ಕೆ ಟ್ರೋಫಿ ಗ್ಯಾರಂಟಿ ಏನಿಲ್ಲ.

ನಂಗೆ ಇಷ್ಟ ಆಗಿದ್ದು ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್. 2023ರ ಸೂಪರ್ ಬೌಲ್ ಎರಡನೇ ಕ್ವಾರ್ಟರಲ್ಲಿ ಯಾರೂ ಮುಟ್ಟದೇ ಬಾಲು ಕೈಜಾರಿ ಬಿತ್ತು, ಎದುರಾಳಿ ಎತ್ಕೊಂಡು ಟಚ್‌ಡೌನ್. ಅದಕ್ಕಿಂತ ನಾಚಿಕೆ ಇನ್ನೇನಿದೆ? ಮುಂದಿನ ಸರದೀಲೇ ನಾಲ್ಕನೇ ಡೌನ್‌ನಲ್ಲಿ, ಅಂದ್ರೆ ಕೊನೇ ಅವಕಾಶದಲ್ಲಿ, 28 ಗಜ ತಾನೇ ಓಡಿದ, ಆಮೇಲೆ ತಾನೇ ಟಚ್‌ಡೌನ್ ಮಾಡ್ದ. ಮ್ಯಾಚ್ 38-35 ಸೋತ್ರು. ಎರಡು ವರ್ಷ ಬಿಟ್ಟು 2025ರಲ್ಲಿ ಅದೇ ಟೀಮಿನ ಮೇಲೆ 40-22 ಗೆದ್ದು ಎಂವಿಪಿ (ಪಂದ್ಯಶ್ರೇಷ್ಠ) ಆದ.

ಶೆಟ್ರೇ, ನಿಮ್ಮ ದೋಸೆಯವ್ರು ನೀರು ಚಿಮುಕಿಸೋದು ಮರೆಯೋಕಲ್ಲ. ಕಾವಲಿ ಕಾವು ಜಾಸ್ತಿ ಆಗಿ ದೋಸೆ ಹಿಡೀತು, ಅದನ್ನ ಇಳಿಸೋಕೆ. ತಪ್ಪು ಎಲ್ಲಾಯ್ತು ಅಂತ ಅವ್ರಿಗೆ ಗೊತ್ತು, ಬರೀ ದೋಸೇನ ಬಿಟ್ರು, ಕಾರಣಾನ ಬಿಡ್ಲಿಲ್ಲ.

---

ಮಾಟುಂಗದ_ಮಾಣಿ

ಟೀಚರ್ ಹೇಳಿದ್ದು ಸರಿ ಉಂಟು ಮಾರಾಯ್ರೆ. ಅವನನ್ನೇ ಕೇಳಿದೆ ಈಗ. ‘ಕಾವು ನೋಡದೆ ಹಿಟ್ಟು ಹೊಯ್ದ್ರೆ ಎರಡನೇದೂ ಹರೀತದೆ ಅಲ್ವಾ’ ಅಂದ. ಇಷ್ಟು ವರ್ಷ ಗಲ್ಲಾದಲ್ಲಿ ಕೂತು ನನಗೆ ಹೊಳೀಲಿಲ್ಲ. ಮತ್ತೆ ಧಾರವಾಡದವ್ರಿಗೆ: ನಾನು ಶೆಟ್ಟಿ ಅಲ್ಲ, ಭಟ್ಟ 😄

---

ಹಿಂಜವಡಿ_ಹೈದ

ತಡವಾಗಿ ಬರ್ತಿದೀನಿ, ಆಫೀಸಲ್ಲಿ ರಿಲೀಸ್ ಇತ್ತು. ಧಾರವಾಡದ ಅಣ್ಣ ಕೇಳಿದ್ರಲ್ಲ, ಮೊದಲನೇದಾದಾಗ ಟೀಮಿನವ್ರು ಏನಂದ್ರು ಅಂತ. ಯಾರೂ ಏನೂ ಅನ್ಲಿಲ್ಲ ಅಣ್ಣ, ಎಲ್ರೂ ನೀರು ಕುಡಿಯೋಕೆ ಹೋದ್ರು, ನಾನೊಬ್ನೇ ನಿಂತಿದ್ದೆ. ಬೈದಿದ್ರೇ ಚೆನ್ನಾಗಿರ್ತಿತ್ತೇನೋ.

ಟೀಚರ್ ಮಾತು ಕೇಳಿ ವೀಡಿಯೋ ಮತ್ತೆ ನೋಡ್ದೆ, ಒಬ್ಬ ಫ್ರೆಂಡ್ ಮೊಬೈಲಲ್ಲಿ ತೆಗ್ದಿದ್ದ. ಎರಡು ಸಲಾನೂ ಬಾಲ್ ಕೈಗೆ ಬರೋ ಮುಂಚೆನೇ ಯಾರಿಗೆ ಎಸೀಬೇಕೋ ಆ ಹುಡುಗನನ್ನೇ ದಿಟ್ಟಿಸಿ ನೋಡ್ತಾ ನಿಂತಿದೀನಿ. ಡಿಫೆಂಡರ್ ನನ್ನ ಕಣ್ಣು ನೋಡ್ಕೊಂಡೇ ಅಲ್ಲಿಗೆ ಓಡಿದಾನೆ. ಅಂದ್ರೆ ಕೈ ತಪ್ಪಲ್ಲ, ಕಣ್ಣು ತಪ್ಪು! ಒಂದು ವಾರ ಸುಮ್ನೆ ಧೈರ್ಯ ಇಲ್ಲ ಧೈರ್ಯ ಇಲ್ಲ ಅಂತ ಕೊರಗ್ತಿದ್ದೆ.

ಈ ಭಾನುವಾರ ಮೂರನೇ ಪ್ಲೇಗೇ ಮತ್ತೆ ಇಂಟರ್‌ಸೆಪ್ಷನ್ ಆಯ್ತು, ನಗ್ಬೇಡಿ. ನಮ್ಮ ಸರದಿ ವಾಪಸ್ ಬಂದಾಗ ಜೋರಾಗಿ ‘ಕಾವಲಿ’ ಅಂದೆ, ಯಾರಿಗೂ ಅರ್ಥ ಆಗ್ಲಿಲ್ಲ, ಎಡಕ್ಕೆ ನೋಡಿ ಬಲಕ್ಕೆ ಲಾಂಬ್ ಎಸೆದೆ. ಆ ಮರಾಠಿ ಹುಡುಗನ ಎರಡೂ ಕೈಗೆ ಬಂದಿತ್ತು, ಬಿಟ್ಬಿಟ್ಟ. ನೀರಿನ ಬಾಟ್ಲಿ ತಗೊಂಡು ಹೋಗಿ ಅವ್ನ ಪಕ್ಕ ನಿಂತೆ. ಮ್ಯಾಚ್ ಸೋತ್ವಿ. ಈಗ ಅವ್ನು ರಾತ್ರಿಯಿಂದ ಗ್ರೂಪಲ್ಲಿ ಮೆಸೇಜ್ ಹಾಕ್ತಿದಾನೆ, ‘ಕಾವಲಿ ಮ್ಹಣಜೇ ಕಾಯ್’ (ಕಾವಲಿ ಅಂದ್ರೇನು) ಅಂತ.